ಪ್ಲಾಸ್ಟಿಕ್ ದೂಳು: ಅಳೆಯಬೇಕಾದ್ದು ಕಾಲರ್ ಹತ್ತಿರ, ಹಿಡಿಯಬೇಕಾದ್ದು ಗ್ರೈಂಡರ್ ಬಾಯಲ್ಲಿ

ಹೊಸೂರಿನಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್‌ಗಳಿಗೆ ಕೊರತೆ ಇಲ್ಲ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಳಗೆ, ಜೂಜುವಾಡಿ ಕಡೆ, ಬಾಗಲೂರು ರಸ್ತೆಯಲ್ಲಿ ಎಲ್ಲಿ ನೋಡಿದರೂ ಇವೆ. ಅತ್ತಿಬೆಲೆ, ಆನೇಕಲ್ ಕಡೆಯಿಂದ ಬಸ್ ಹತ್ತಿ ಬರುವವರು, ತಳಿ, ಡೆಂಕಣಿಕೋಟೆಯ ಕನ್ನಡ ಮನೆಗಳ ಹುಡುಗರು, ಉತ್ತರದಿಂದ ಬಂದವರು, ಎಲ್ಲರೂ ಒಂದೇ ಸೂರಿನ ಕೆಳಗೆ ಕೆಲಸ ಮಾಡುತ್ತಾರೆ. ಹೆಚ್ಚಿನ ಶೆಡ್‌ಗಳ ಮೂಲೆಯಲ್ಲಿ ಒಂದು ಗ್ರೈಂಡರ್ ಇರುತ್ತದೆ. ರನ್ನರ್ (ಪೀಸಿನ ಜೊತೆ ಅಚ್ಚಿನಿಂದ ಬರುವ ಬೇಡದ ಕಡ್ಡಿ), ರಿಜೆಕ್ಟ್ ಆದ ಪೀಸು ಎಲ್ಲವನ್ನೂ ಅದಕ್ಕೆ ಹಾಕಿ ಪುಡಿ ಮಾಡಿ, ಮತ್ತೆ ಮೋಲ್ಡಿಂಗ್ ಮಿಷನ್‌ನ ಹಾಪರ್‌ಗೆ, ಅಂದರೆ ಮಾಲು ಹಾಕುವ ಬಾಯಿಗೆ, ಸುರಿಯುತ್ತಾರೆ. ದೂಳು ಹುಟ್ಟುವುದು ಅಲ್ಲೇ.

ಈ ದೂಳನ್ನು ಅಳೆಸುವವರು ಈಗ ಸಿಗುತ್ತಾರೆ, ಸಂತೋಷ. ಆದರೆ ಅಳೆಯುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಯಂತ್ರವನ್ನು ಆಫೀಸ್ ಬಾಗಿಲ ಪಕ್ಕ ಸ್ಟೂಲ್ ಮೇಲೆ ಇಡುತ್ತಾರೆ, ಅರ್ಧ ಗಂಟೆ ಓಡಿಸುತ್ತಾರೆ, ಎಲ್ಲ ಸರಿ ಇದೆ ಅಂತ ಒಂದು ರಿಪೋರ್ಟ್ ಕೊಟ್ಟು ಹೋಗುತ್ತಾರೆ. ಗ್ರೈಂಡರ್ ಮುಂದೆ ಎಂಟು ಗಂಟೆ ನಿಂತವನ ಮೂಗಿಗೆ ಏನು ಹೋಯಿತು ಅನ್ನೋದು ಆ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರನ್ನೆಲ್ಲ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ಉಸಿರಿನ ಲೆಕ್ಕದಲ್ಲಿ ನಮಗೆ ಬೇಕಾದ್ದು ಅದಕ್ಕಿಂತ ತುಂಬಾ ಸಣ್ಣದು, ಮೈಕ್ರಾನ್ ಲೆಕ್ಕದ್ದು: ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. 100 ಮೈಕ್ರಾನ್ ತನಕದ್ದು ಮೂಗು, ಬಾಯೊಳಗೆ ಹೋಗಬಲ್ಲದು. 10 ಮೈಕ್ರಾನ್ ಒಳಗಿನದು ಗಂಟಲು ದಾಟುತ್ತದೆ. 4 ಮೈಕ್ರಾನ್ ಆಸುಪಾಸಿನದು, ಅದಕ್ಕಿಂತ ಸಣ್ಣದು, ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಇದು ಬರೀ ಅನುಮಾನದ ಮಾತಲ್ಲ. 1990ರ ದಶಕದಲ್ಲಿ ಕೆನಡಾದ ಒಂಟಾರಿಯೊ ಮತ್ತು ಅಮೆರಿಕದ ರೋಡ್ ಐಲೆಂಡ್‌ನಲ್ಲಿ, ನೈಲಾನ್ ಎಳೆಯನ್ನು ಸಣ್ಣಗೆ ಕತ್ತರಿಸಿ ಬಟ್ಟೆಗೆ ಅಂಟಿಸುವ ಕಾರ್ಖಾನೆಗಳ ಕೆಲಸಗಾರರಿಗೆ ಕೆಮ್ಮು, ಏದುಸಿರು ಬಂತು. ನೋಡಿದರೆ ಶ್ವಾಸಕೋಶದಲ್ಲೇ ಉರಿಯೂತ. ಅದಕ್ಕೆ ‘ಫ್ಲಾಕ್ ವರ್ಕರ್ಸ್ ಲಂಗ್’ ಅಂತ ಹೆಸರೇ ಬಿತ್ತು. ಪಿವಿಸಿ ಪುಡಿಯ ದೂಳಿನಿಂದಲೂ ಶ್ವಾಸಕೋಶ ಕೆಟ್ಟ ಉದಾಹರಣೆಗಳಿವೆ.

ಹಂತ 1: ಶೆಡ್ ಸುತ್ತಿ ಬನ್ನಿ

ಯಾರು, ಎಲ್ಲಿ, ಎಷ್ಟು ಹೊತ್ತು ದೂಳಿನಲ್ಲಿ ಇರುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗ್ರೈಂಡರ್‌ಗೆ ಪೀಸು ಹಾಕುವವನು, ಹಾಪರ್‌ಗೆ ಚೀಲ ಸುರಿಯುವವನು, ಅಂಚು ಕೆರೆಯುವವರು, ಕಸ ಗುಡಿಸುವಾಕೆ. ಗುಡಿಸುವವರನ್ನು ಎಲ್ಲರೂ ಮರೆಯುತ್ತಾರೆ, ನೀವು ಮರೆಯಬೇಡಿ.

ಹಂತ 2: ಟಾರ್ಚ್ ಹಿಡಿದು ನೋಡಿ

ಇದಕ್ಕೆ ಖರ್ಚು ಇಲ್ಲ. ಕಿಂಡಿಯಿಂದ ಬಿಸಿಲುಕೋಲು ಬಿದ್ದಾಗ ಮನೆಯೊಳಗಿನ ದೂಳು ಕಾಣುತ್ತದಲ್ವಾ, ಅದೇ ಉಪಾಯ. ಸಂಜೆ ಮೇಲೆ ಅಥವಾ ರಾತ್ರಿ ಪಾಳಿಯಲ್ಲಿ, ಗ್ರೈಂಡರ್ ಪಕ್ಕದ ಲೈಟ್ ಆರಿಸಿ. ಕೆಲಸಗಾರನ ಆಚೆ ಬದಿ ಒಂದು ಜೋರು ಬೆಳಕಿನ ಟಾರ್ಚ್ ಇಟ್ಟು, ಬೆಳಕು ನಿಮ್ಮ ಕಡೆಗೇ ಬರುವ ಹಾಗೆ ತಿರುಗಿಸಿ. ಬಲ್ಬ್ ನೇರ ಕಣ್ಣಿಗೆ ಹೊಡೆಯದಂತೆ ಒಂದು ರಟ್ಟು ಅಡ್ಡ ಹಿಡಿದು, ಸ್ವಲ್ಪ ಓರೆಯಾಗಿ ನೋಡಿ. ಮಾಮೂಲಿ ಬೆಳಕಿನಲ್ಲಿ ಏನೂ ಇಲ್ಲದ ಕಡೆ ಹೊಗೆ ಎದ್ದ ಹಾಗೆ ಕಾಣುತ್ತದೆ. ಪೀಸು ಹಾಕಿದ ಕೂಡಲೇ ಬ್ಲೇಡ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ದೂಳು ಗ್ರೈಂಡರ್‌ನ ಹಾಪರ್ ಬಾಯಿಂದ ನೇರ ಮುಖಕ್ಕೆ ಏಳುತ್ತದೆ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಇಟ್ಟುಕೊಳ್ಳಿ. ಮಾಲೀಕರಿಗೆ ಹತ್ತು ಪುಟದ ರಿಪೋರ್ಟ್‌ಗಿಂತ ಈ ವಿಡಿಯೊ ಬೇಗ ಅರ್ಥವಾಗುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಪಿಎಂ 2.5 ಮೀಟರ್ (2.5 ಮೈಕ್ರಾನ್ ಒಳಗಿನ ದೂಳು ತೋರಿಸುವಂಥದ್ದು) ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಗಾಳಿಯಲ್ಲಿರುವ ಕಣದಿಂದ ಚದುರುವ ಬೆಳಕನ್ನು ನೋಡುತ್ತದೆ, ಅಷ್ಟೇ. ಪ್ಲಾಸ್ಟಿಕ್ಕೋ, ರಸ್ತೆ ಮಣ್ಣೋ, ಎಣ್ಣೆ ಹನಿಯೋ ಅದಕ್ಕೆ ಗೊತ್ತಾಗಲ್ಲ. ನಿನ್ನೆಗಿಂತ ಇವತ್ತು ಕಡಿಮೆಯೋ ಜಾಸ್ತಿಯೋ ಅಂತ ನೋಡಿಕೊಳ್ಳಲು ಇಟ್ಟುಕೊಳ್ಳಿ. ಅದರ ಅಂಕಿಯನ್ನು ರಿಪೋರ್ಟ್‌ನಲ್ಲಿ ಬರೆಯಬೇಡಿ.

ಹಂತ 3: ಪಂಪ್ ಕಟ್ಟುವುದು

ಕೆಲಸ ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಸೊಂಟಕ್ಕೆ ಕಟ್ಟುವ ಸಣ್ಣ ಪಂಪ್, ಅದರಿಂದ ಒಂದು ಕೊಳವೆ, ಕೊಳವೆ ತುದಿಯಲ್ಲಿ ಫಿಲ್ಟರ್ ಇರುವ ಡಬ್ಬಿ. ಇಷ್ಟೇ ಸಾಮಾನು. ಮೂಗಿಗೆ ಹೋಗಬಲ್ಲ ಒಟ್ಟು ದೂಳು ಬೇಕಾದರೆ ಐಒಎಂ ಸ್ಯಾಂಪ್ಲರ್ ಹಾಕಿ, ಎಡಿನ್‌ಬರೋದ ಸಂಸ್ಥೆಯೊಂದು ರೂಪಿಸಿದ್ದು, ನಿಮಿಷಕ್ಕೆ 2 ಲೀಟರ್ ಗಾಳಿ ಎಳೆಯಬೇಕು. ಶ್ವಾಸಕೋಶದ ತಳಕ್ಕೆ ಇಳಿಯುವ ದೂಳು ಮಾತ್ರ ಬೇಕಾದರೆ ಡಬ್ಬಿಗೆ ಮೊದಲು ಸೈಕ್ಲೋನ್ ಹಾಕಬೇಕು, ಗಾಳಿಯನ್ನು ಸುತ್ತಿಸಿ ದಪ್ಪ ಕಣವನ್ನು ಬೇರೆ ಮಾಡುವ ಸಣ್ಣ ಸಾಧನ ಅದು. ಸೈಕ್ಲೋನ್‌ಗೆ ತಕ್ಕ ಹರಿವು ಬೇರೆ: ನೈಲಾನ್ ಸೈಕ್ಲೋನ್‌ಗೆ 1.7 ಲೀಟರ್, ಅಲ್ಯೂಮಿನಿಯಂನದಕ್ಕೆ 2.5. ಇದನ್ನು ಅದಲು ಬದಲು ಮಾಡಿದರೆ ಹಿಡಿಯುವ ಕಣದ ಗಾತ್ರವೇ ಬದಲಾಗುತ್ತದೆ, ಇಡೀ ದಿನದ ಕೆಲಸ ನೀರುಪಾಲು.

ಹರಿವನ್ನು ಪಾಳಿ ಶುರುವಿಗೆ ಮೊದಲು ಅಳೆಯಿರಿ, ಫಿಲ್ಟರ್ ಡಬ್ಬಿ ಹಾಕಿಯೇ ಅಳೆಯಬೇಕು, ಬರೀ ಕೊಳವೆಗಲ್ಲ. ಪಾಳಿ ಮುಗಿದ ಮೇಲೆ ಇನ್ನೊಮ್ಮೆ. ಎರಡರ ನಡುವೆ ನೂರಕ್ಕೆ 5ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಮಾದರಿಯನ್ನು ಬಿಟ್ಟುಬಿಡಿ. ಪಂಪ್ ಮೇಲಿನ ಡಿಸ್‌ಪ್ಲೇ ನಂಬಿಕೊಂಡು ಕೂರಬೇಡಿ.

ಡಬ್ಬಿಯನ್ನು ಮೂಗಿನಿಂದ 30 ಸೆಂಟಿಮೀಟರ್ ಒಳಗೆ ಸಿಕ್ಕಿಸಬೇಕು. ಕಾಲರ್ ಅಂಚು ಸರಿಯಾದ ಜಾಗ. ಜೇಬಿನ ಮೇಲಲ್ಲ, ಬೆಲ್ಟ್ ಮೇಲಲ್ಲ. ಬಲಗೈಯಲ್ಲಿ ಪೀಸು ಹಾಕುವವನಾದರೆ ನಾನು ಬಲ ಕಾಲರ್‌ಗೇ ಹಾಕಿಸುತ್ತೇನೆ, ಹಾಪರ್‌ಗೆ ಹತ್ತಿರ ಇರುವುದು ಆ ಬದಿ. ಕೊಳವೆಯನ್ನು ಬೆನ್ನಿನ ಮೇಲೆ ಹಾಯಿಸಿ ಟೇಪ್ ಹಾಕಿ. ಮುಂದೆ ಬಿಟ್ಟರೆ ಮಿಷನ್‌ಗೆ ಸಿಕ್ಕಿಕೊಳ್ಳಬಹುದು, ಅದು ದೂಳಿಗಿಂತ ದೊಡ್ಡ ಅಪಾಯ.

ಇನ್ನು ಯಾರೂ ಗಮನಿಸದ ಒಂದು ವಿಷಯ. ಕಂಪನಿ ಕೊಟ್ಟ ಯೂನಿಫಾರಂ ಎಷ್ಟೋ ಕಡೆ ಪಾಲಿಯೆಸ್ಟರ್ ಬೆರೆತದ್ದು. ಕುತ್ತಿಗೆಯ ಐಡಿ ದಾರವೂ ಸಿಂಥೆಟಿಕ್ಕೇ. ಅವನು ಬಗ್ಗಿ ಎದ್ದಾಗಲೆಲ್ಲ ಆ ದಾರ ಫಿಲ್ಟರ್ ಡಬ್ಬಿ ಬಾಯಿಗೆ ಉಜ್ಜುತ್ತದೆ, ಹತ್ತಿರದಿಂದ ನೋಡಿದರೆ ಡಬ್ಬಿ ಅಂಚಿನಲ್ಲಿ ನೀಲಿ ನವಿರು ಅಂಟಿರುತ್ತದೆ. ಆಮೇಲೆ ಲ್ಯಾಬ್‌ನವರು ‘ಪಾಲಿಯೆಸ್ಟರ್ ಸಿಕ್ಕಿತು’ ಅಂತ ಬರೆದರೆ ಅದು ಗ್ರೈಂಡರ್‌ನದಲ್ಲ, ಅಂಗಿಯದ್ದೋ ದಾರದ್ದೋ ಇರಬಹುದು. ಅಳೆಯುವ ದಿನ ಹತ್ತಿ ಅಂಗಿ ಹಾಕಿಸಿ, ಐಡಿ ದಾರ ತೆಗೆಸಿ. ಮಾದರಿ ತೆಗೆಯುವವರೂ ಹತ್ತಿಯನ್ನೇ ಹಾಕಿಕೊಳ್ಳಬೇಕು.

ಫಿಲ್ಟರ್ ವಿಷಯದಲ್ಲೂ ಇದೇ ತೊಡಕು. ತೂಕ ನೋಡಲು ಮಾಮೂಲಿಯಾಗಿ ಬಳಸುವ ಫಿಲ್ಟರ್ ಪಿವಿಸಿಯದ್ದು. ತೂಕಕ್ಕೆ ಅದು ಒಳ್ಳೆಯದೇ, ಆದರೆ ಯಾವ ಪ್ಲಾಸ್ಟಿಕ್ ಅಂತ ಗುರುತಿಸಲು ಬರುವುದಿಲ್ಲ, ಫಿಲ್ಟರೇ ಪ್ಲಾಸ್ಟಿಕ್ ಅಲ್ವಾ. ಗುರುತಿಸುವ ಕೆಲಸಕ್ಕೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಬೆಳ್ಳಿಯಂಥದ್ದು ಬೇಕು, ಯಾವುದು ಹೊಂದುತ್ತದೆ ಅಂತ ಲ್ಯಾಬ್‌ನವರನ್ನೇ ಮೊದಲು ಕೇಳಿ. ಹಾಗಾಗಿ ಎರಡು ಪಂಪ್ ಕಟ್ಟಿ: ಒಂದು ತೂಕಕ್ಕೆ, ಒಂದು ಗುರುತಿಗೆ. ಒಂದರಲ್ಲೇ ಎರಡೂ ಮಾಡ್ತೀವಿ ಅನ್ನುವವರಿಗೆ ಕೆಲಸ ಕೊಡಬೇಡಿ.

ಪ್ಲಾಸ್ಟಿಕ್ ದೂಳಿಗೆ ಸ್ಟ್ಯಾಟಿಕ್ ಜಾಸ್ತಿ. ಫಿಲ್ಟರ್ ಮೇಲೆ ಕೂರುವ ಬದಲು ಡಬ್ಬಿಯ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಐಒಎಂನಲ್ಲಿ ಫಿಲ್ಟರನ್ನು ಅದು ಕೂರುವ ಒಳಗಿನ ಕ್ಯಾಸೆಟ್ ಸಮೇತ ತೂಗುವುದು ಇದಕ್ಕೇ. ಸ್ಟೀಲ್ ಕ್ಯಾಸೆಟ್ ತೆಗೆದುಕೊಳ್ಳಿ, ಪ್ಲಾಸ್ಟಿಕ್‌ನದು ತೇವ ಹೀರಿ ತೂಕ ಬದಲಿಸುತ್ತದೆ.

ಕೊನೆಯದಾಗಿ ಬ್ಲ್ಯಾಂಕ್. ಅದೇ ಜಾಗಕ್ಕೆ ಒಯ್ದು, ಬಿಚ್ಚಿ, ಗಾಳಿ ಎಳೆಯದೆ ಮುಚ್ಚಿ ತಂದ ಖಾಲಿ ಫಿಲ್ಟರ್. ಹತ್ತು ಮಾದರಿಗೆ ಎರಡಾದರೂ ಇರಲಿ. ದಾರಿಯಲ್ಲಿ, ಲ್ಯಾಬ್‌ನಲ್ಲಿ ಸೇರಿಕೊಂಡ ಕಸ ಎಷ್ಟು ಅಂತ ಗೊತ್ತಾಗುವುದು ಇದರಿಂದಲೇ. ಬ್ಲ್ಯಾಂಕ್ ಇಲ್ಲದ ಮೈಕ್ರೋಪ್ಲಾಸ್ಟಿಕ್ ರಿಪೋರ್ಟ್‌ಗೆ ಬೆಲೆ ಇಲ್ಲ, ದುಡ್ಡು ಕೊಡಬೇಡಿ.

ಹಂತ 4: ಲೆಕ್ಕ

2 ಲೀಟರ್‌ನಂತೆ 480 ನಿಮಿಷಕ್ಕೆ 960 ಲೀಟರ್, ಅಂದರೆ 0.96 ಘನ ಮೀಟರ್ ಗಾಳಿ. ಉದಾಹರಣೆಗೆ, ಬ್ಲ್ಯಾಂಕ್ ಕಳೆದ ಮೇಲೆ ಕ್ಯಾಸೆಟ್ ತೂಕ 1.2 ಮಿಲಿಗ್ರಾಂ ಏರಿದ್ದರೆ, ಘನ ಮೀಟರ್‌ಗೆ 1.25 ಮಿಲಿಗ್ರಾಂ. ಯಾವ ಪ್ಲಾಸ್ಟಿಕ್ ಅಂತ ನೋಡಲು ಲ್ಯಾಬ್‌ನಲ್ಲಿ ಎಫ್‌ಟಿಐಆರ್ ಅನ್ನುವ ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆ ಇದೆ, ಆದರೆ 10–20 ಮೈಕ್ರಾನ್‌ಗಿಂತ ಸಣ್ಣದು ಅದಕ್ಕೆ ಕಷ್ಟ. ಲೇಸರ್ ಬೆಳಕಿನ ರಾಮನ್ ಪರೀಕ್ಷೆ ಆದರೆ 1 ಮೈಕ್ರಾನ್ ಹತ್ತಿರದ ತನಕ ನೋಡುತ್ತದೆ. ಎಂಜಿನ್ ಭಾಗಗಳಿಗೆ ಗ್ಲಾಸ್ ಫೈಬರ್ ತುಂಬಿದ ನೈಲಾನ್ ಬಳಸುವ ಶೆಡ್ ಆದರೆ ಅದನ್ನು ಲ್ಯಾಬ್‌ಗೆ ಮೊದಲೇ ಹೇಳಿ, ದೂಳಿನಲ್ಲಿ ಗಾಜಿನ ಎಳೆಯೂ ಇರುತ್ತದೆ.

ಮೈಕ್ರೋಪ್ಲಾಸ್ಟಿಕ್ಕಿಗೇ ಅಂತ ಕೆಲಸದ ಜಾಗಕ್ಕೆ ಪ್ರತ್ಯೇಕ ಮಿತಿ ನಮ್ಮಲ್ಲಿ ಇಲ್ಲ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಓಶಾ ಸಾಮಾನ್ಯ ದೂಳಿಗೆ ಇಟ್ಟಿರುವುದು ಘನ ಮೀಟರ್‌ಗೆ ಒಟ್ಟು 15, ಶ್ವಾಸಕೋಶದ ತಳಕ್ಕೆ ಇಳಿಯುವುದಕ್ಕೆ 5 ಮಿಲಿಗ್ರಾಂ. ಅಲ್ಲಿನ ತಜ್ಞರ ಸಂಘ ಎಸಿಜಿಐಎಚ್ ಹೇಳುವುದು 10 ಮತ್ತು 3. ಇವು ಹಳೆಯ ಕಾಲದ, ಬರೀ ಕಿರಿಕಿರಿ ಕೊಡುವ ದೂಳು ಅಂದುಕೊಂಡು ಇಟ್ಟ ಅಂಕಿಗಳು. 9 ಬಂತು, ಪಾಸಾದೆವು ಅಂತ ಸುಮ್ನೆ ಕೂತರೆ ಅನ್ಯಾಯ. ಒಟ್ಟು ದೂಳು 1ರ ಒಳಗೆ ಬರುವ ತನಕ ಕೆಲಸ ನಿಲ್ಲಿಸಬೇಡಿ ಅನ್ನುವುದು ನನ್ನ ಮಾತು.

ಹಂತ 5: ಹುಟ್ಟುವ ಜಾಗದಲ್ಲೇ ಹಿಡಿಯಿರಿ

ಮೊದಲು ಬ್ಲೇಡ್ ನೋಡಿ. ಮೊಂಡಾದ ಬ್ಲೇಡ್ ಕತ್ತರಿಸುವುದಿಲ್ಲ, ಜಜ್ಜುತ್ತದೆ, ಹಿಟ್ಟಿನಂಥ ಪುಡಿ ಜಾಸ್ತಿ ಬರುತ್ತದೆ. ಸಾಣೆ ಹಿಡಿಸಿ, ಬ್ಲೇಡ್‌ಗಳ ನಡುವಿನ ಸಂದು ಸರಿ ಮಾಡಿ, ಜರಡಿಯ ತೂತು ಕೆಲಸಕ್ಕೆ ಆಗುವಷ್ಟು ದೊಡ್ಡದಿರಲಿ. ಇದರಲ್ಲಿ ಮಾಲೀಕರಿಗೂ ಲಾಭ ಇದೆ: ಹಿಟ್ಟು ಬೇಗ ಕರಗಿ ಸುಟ್ಟು ಪೀಸಿನ ಮೇಲೆ ಕಪ್ಪು ಚುಕ್ಕೆ ಬೀಳಿಸುತ್ತದೆ, ಅದು ಕಡಿಮೆಯಾದರೆ ರಿಜೆಕ್ಷನ್ನೂ ಕಡಿಮೆ.

ಆಮೇಲೆ ಗ್ರೈಂಡರ್‌ನ ಹಾಪರ್ ಬಾಯಿಗೆ ದಪ್ಪ ರಬ್ಬರ್ ಪಟ್ಟಿಗಳ ಪರದೆ ಕಟ್ಟಿ. ಅದರ ಪಕ್ಕಕ್ಕೆ ಗಾಳಿ ಎಳೆಯುವ ಹುಡ್. ಇಲ್ಲಿ ಒಂದೇ ನಿಯಮ: ಹತ್ತಿರ, ಇನ್ನೂ ಹತ್ತಿರ. ಪೈಪಿನ ಬಾಯಿ ಆರು ಇಂಚು ಅಗಲ ಇದ್ದರೆ, ಆರು ಇಂಚು ದೂರದಲ್ಲೇ ಎಳೆತ ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ. ಸೂರಿಗೆ ನೇತು ಹಾಕಿದ ಹುಡ್, ಗೋಡೆಯ ಎಕ್ಸಾಸ್ಟ್ ಫ್ಯಾನ್, ಎರಡೂ ದೂಳನ್ನು ಕೆಲಸಗಾರನ ಮುಖದ ಮುಂದಿನಿಂದಲೇ ಎಳೆದುಕೊಂಡು ಹೋಗುತ್ತವೆ. 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್‌ನಲ್ಲೇ ಇದನ್ನು ಬರೆದಿದ್ದರು: ಎಳೆಯುವ ಸಾಧನ ದೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರ ಇರಬೇಕು ಅಂತ. ಎಳೆತ ನೋಡಲು ಒಂದು ಎಳೆ ಹತ್ತಿ ದಾರ ಹಿಡಿಯಿರಿ, ದಾರ ಹುಡ್ ಕಡೆ ಬಾಗಬೇಕು. ಊದುಬತ್ತಿ ಹಚ್ಚಬೇಡಿ. ಸಣ್ಣ ಪ್ಲಾಸ್ಟಿಕ್ ದೂಳು ಗಾಳಿಯಲ್ಲಿ ಎದ್ದಾಗ ಕಿಡಿ ತಾಗಿದರೆ ಸ್ಫೋಟವೇ ಆಗಬಹುದು. ಪೈಪು, ದೂಳಿನ ಚೀಲ ಎಲ್ಲಕ್ಕೂ ಅರ್ಥಿಂಗ್ ಇರಲೇಬೇಕು.

ಹಂತ 6: ಕಂಪ್ರೆಸರ್ ಗಾಳಿ ಹೊಡೆಯುವುದು ನಿಲ್ಲಿಸಿ

ಪಾಳಿ ಮುಗಿದ ಕೂಡಲೇ ಏರ್ ಗನ್ ಹಿಡಿದು ಮಿಷನ್‌ಗೆ, ನೆಲಕ್ಕೆ, ಕೊನೆಗೆ ಮೈಮೇಲಿನ ಬಟ್ಟೆಗೂ ಹೊಡೆದುಕೊಳ್ಳುತ್ತಾರೆ. ದಿನವಿಡೀ ಕೆಳಗೆ ಕೂತ ದೂಳೆಲ್ಲ ಎರಡು ನಿಮಿಷದಲ್ಲಿ ಮೂಗಿನ ಮಟ್ಟಕ್ಕೆ. ತೀರಾ ಸಣ್ಣ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ, ಸ್ಟ್ಯಾಟಿಕ್ ಹಿಡಿಯದ ಕಾರ್ಖಾನೆ ವ್ಯಾಕ್ಯೂಮ್ ತನ್ನಿ. ಮನೆಯ ವ್ಯಾಕ್ಯೂಮ್ ಬೇಡ, ಅದು ಸಣ್ಣ ದೂಳನ್ನು ಹಿಂದಿನಿಂದ ಹೊರಗೆ ಬಿಡುತ್ತದೆ. ಅದು ಬರುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸಿ. ಖಾಲಿ ಚೀಲ ಕೊಡವಬೇಡಿ.

ಹಂತ 7: ಮಾಸ್ಕ್ ಕೊನೆಗೆ

ಮೇಲಿನದೆಲ್ಲ ಆದ ಮೇಲೆ ಉಳಿದ ದೂಳಿಗೆ ಮಾಸ್ಕ್. ಐಎಸ್ 9473 ಮತ್ತು ಎಫ್‌ಎಫ್‌ಪಿ2 ಅಂತ ಮುದ್ರೆ ಇರುವುದನ್ನೇ ಕೊಳ್ಳಿ. ಕಿವಿಗೆ ಸಿಕ್ಕಿಸುವುದಲ್ಲ, ತಲೆ ಹಿಂದೆ ಎರಡು ಪಟ್ಟಿ ಹೋಗುವಂಥದ್ದು. ಗಡ್ಡ ಇದ್ದರೆ ಅಂಚು ಕೂರುವುದಿಲ್ಲ. ಬಟ್ಟೆ ಮಾಸ್ಕ್, ಮುಖಕ್ಕೆ ಸುತ್ತಿದ ಟವಲ್, ಸರ್ಜಿಕಲ್ ಮಾಸ್ಕ್ ಇವು ಯಾವುದೂ ಈ ದೂಳಿಗಲ್ಲ. ಇನ್ನೊಂದು, ಕಾದ ಪ್ಲಾಸ್ಟಿಕ್ಕಿನಿಂದ ಬರುವ ಘಾಟನ್ನು ದೂಳಿನ ಮಾಸ್ಕ್ ತಡೆಯಲ್ಲ. ಅದಕ್ಕೆ ಮೋಲ್ಡಿಂಗ್ ಮಿಷನ್‌ನಲ್ಲಿ ಪ್ಲಾಸ್ಟಿಕ್ ಕರಗುವ ಬ್ಯಾರಲ್ ಹತ್ತಿರ ಬೇರೆ ಎಕ್ಸಾಸ್ಟ್ ಬೇಕು.

ಹಂತ 8: ಮತ್ತೆ ಅಳೆಯಿರಿ

ಅದೇ ಗ್ರೈಂಡರ್, ಅದೇ ಮಟೀರಿಯಲ್, ಸಾಧ್ಯವಾದರೆ ಅದೇ ಕೆಲಸಗಾರ. ಮಳೆಗಾಲದಲ್ಲಿ ಬಾಗಿಲು ಹಾಕಿ ಕೆಲಸ ಮಾಡುವ ಶೆಡ್ ಆದರೆ ಆಗಲೂ ಒಮ್ಮೆ ಅಳೆಯಿರಿ. ಜೊತೆಗೆ ಉಸಿರಿನ ಪರೀಕ್ಷೆ, ಸ್ಪೈರೊಮೆಟ್ರಿ: ಕೆಲಸಕ್ಕೆ ಸೇರಿದಾಗ ಒಂದು, ಆಮೇಲೆ ವರ್ಷಕ್ಕೊಂದು. ಮೊದಲ ಅಳತೆ ಇಲ್ಲದಿದ್ದರೆ ಮುಂದೆ ಕಡಿಮೆಯಾಗಿದೆಯೋ ಇಲ್ಲವೋ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ರಿಪೋರ್ಟ್ ಬಂದಾಗ ಆಫೀಸ್ ಫೈಲಿಗೆ ಸೇರಿಸುವ ಮೊದಲು ಪಂಪ್ ಹೊತ್ತವನಿಗೆ ತೋರಿಸಿ, ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ ಅಂತ ಅವನ ಮಾತಿನಲ್ಲೇ ಹೇಳಿ. ಹುಡ್ ಎಲ್ಲಿ ಅಡ್ಡ ಬರುತ್ತಿದೆ, ಪರದೆಯನ್ನು ಯಾಕೆ ಎತ್ತಿ ಕಟ್ಟುತ್ತಿದ್ದಾರೆ ಅನ್ನುವುದು ಅವನಿಂದಲೇ ಗೊತ್ತಾಗುತ್ತದೆ. ಅದನ್ನು ಸರಿ ಮಾಡಿಸಿ.