ಶಿಕಾರಿಗೆ ಹೋದ ಇಬ್ಬರು

ನನ್ನ ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಆ ರಾತ್ರಿ ಕಥೆಯ ಗಂಟು ಬಿಡಿಸಿದ್ದು ಅವರೇ.

ಕಳೆದ ಮಳೆಗಾಲದಲ್ಲಿ ಅಪ್ಪ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಬೆಂಗಳೂರಿಗೆ ಬಂದು ನನ್ನ ಜೊತೆ ಹತ್ತು ದಿನ ಇದ್ದರು. ಒಂದು ದಿನ ಊಟ ಮುಗಿಸಿ ‘ದಿ ಟ್ವೈಲೈಟ್ ಝೋನ್’ ಧಾರಾವಾಹಿಯ ಡಿವಿಡಿ ಹಾಕಿಕೊಂಡು ಕೂತಿದ್ದೆ. ಅಪ್ಪ ಎಲೆ ಅಡಿಕೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಟಿವಿಯಲ್ಲಿ ಒಬ್ಬ ಮುದುಕ, ಒಂದು ಬೇಟೆನಾಯಿ. ರಾತ್ರಿ ಶಿಕಾರಿಗೆ ಹೋಗಿದ್ದಾರೆ. ನಾಯಿ ಹೊಂಡಕ್ಕೆ ಹಾರಿತು. ಅದರ ಹಿಂದೆಯೇ ಮುದುಕನೂ ಹಾರಿದ. ಬೆಳಗಾದ ಮೇಲೆ ಹೊಂಡದ ದಂಡೆಯಿಂದ ಎದ್ದು ಮನೆಗೆ ಬಂದರೆ ಅವನ ಮಾತಿಗೆ ಯಾರೂ ಉತ್ತರ ಕೊಡುತ್ತಿಲ್ಲ. ಅಪ್ಪ ಮೆಲ್ಲಗೆ ಕೇಳಿದರು: “ಪಾಪ, ತಾನು ಹೋಗಿದ್ದು ಅವನಿಗಿನ್ನೂ ಗೊತ್ತಿಲ್ವಾ?”

ಆ ಕಂತನ್ನು ನಾನು ಅದಕ್ಕೆ ಮೊದಲು ನಾಲ್ಕೈದು ಸಲ ನೋಡಿದ್ದೆ. ಅದರ ತಿರುಳನ್ನು ಇಷ್ಟು ಚಿಕ್ಕ ಮಾತಲ್ಲಿ ಯಾರೂ ಹೇಳಿದ್ದು ಕೇಳಿರಲಿಲ್ಲ. ಅದರಲ್ಲೂ ಆ ‘ಹೋಗಿದ್ದು’ ಅನ್ನುವ ಮಾತು. ನಮ್ಮಲ್ಲಿ ಶಿಕಾರಿಗೆ ಹೋದರೂ ಹೋಗಿದ್ದೇ, ಜೀವ ಹೋದರೂ ಹೋಗಿದ್ದೇ. ಮುಂದೆ ಅಪ್ಪ “ಆ ಗೇಟಿನವನು ಏನಂದ? ಈ ಹುಡುಗ ಏನಂದ?” ಅಂತ ಕೇಳುತ್ತಾ ಹೋದರು. ನಾನು ಒಂದು ಮಾತನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಲ್ಲಿ ಮೂರು ಮಾತು ಮುಗಿದಿರುತ್ತಿತ್ತು. ಅವರನ್ನು ಊರಿನ ಬಸ್ಸಿಗೆ ಹತ್ತಿಸಿ ಬಂದ ದಿನವೇ ನಿರ್ಧಾರ ಮಾಡಿದೆ. ಈ ಕಂತಿಗೆ ಕನ್ನಡ ಸಬ್‌ಟೈಟಲ್ ಬರೆಯಬೇಕು. ನಮ್ಮ ಮನೆಯಲ್ಲಿ ನೋಡುವುದಕ್ಕೆ ಮಾತ್ರ. ಸುಮಾರು 25 ನಿಮಿಷದ ಕಂತು, ಒಂದು ವಾರ ಸಾಕು ಅಂದುಕೊಂಡಿದ್ದೆ. ಎರಡು ತಿಂಗಳು ಬೇಕಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ‘ಟ್ವೈಲೈಟ್ ಝೋನ್’ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1959ರಿಂದ 1964ರವರೆಗೆ ಬಂತು. ಒಟ್ಟು 156 ಕಂತು. ಪ್ರತಿ ಕಂತಿಗೂ ಬೇರೆ ಕಥೆ, ಬೇರೆ ಜನ. ಇದನ್ನು ಹುಟ್ಟುಹಾಕಿದ ರಾಡ್ ಸರ್ಲಿಂಗ್ ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ಫಿಲಿಪ್ಪೀನ್ಸ್‌ನಲ್ಲಿ ಹೋರಾಡಿದವರು. ಸಾವನ್ನು ಹತ್ತಿರದಿಂದ ಕಂಡವರು. 92 ಕಥೆಗಳನ್ನು ಅವರೇ ಬರೆದರು. ಸತ್ತ ಮೇಲೆ ಏನು ಅನ್ನುವ ಪ್ರಶ್ನೆ ಇದರಲ್ಲಿ ಮತ್ತೆ ಮತ್ತೆ ಬರುತ್ತದೆ. 1962ರ ಜನವರಿ ಒಂದೇ ತಿಂಗಳಲ್ಲಿ ಎರಡು ಸಲ ಬಂತು. 5ನೇ ತಾರೀಕು ಬಂದ ಕಂತಿನಲ್ಲಿ ಸಾವು ಒಳಗೆ ಬಂದೀತೆಂದು ಬಾಗಿಲು ಹಾಕಿಕೊಂಡು ಕೂತ ಮುದುಕಿ. ಸಾವಾಗಿ ಬಂದವರು ಆಗಿನ್ನೂ ಹುಡುಗನಂತಿದ್ದ ರಾಬರ್ಟ್ ರೆಡ್‌ಫೋರ್ಡ್. 26ನೇ ತಾರೀಕು ಬಂದಿದ್ದು ನಮ್ಮ ಮುದುಕನ ಕಥೆ, ‘ದಿ ಹಂಟ್’.

ಅದನ್ನು ಬರೆದವರು ಅರ್ಲ್ ಹ್ಯಾಮ್ನರ್. ವರ್ಜೀನಿಯಾದ ಗುಡ್ಡಗಾಡಿನ ಸ್ಕೈಲರ್ ಎಂಬ ಪುಟ್ಟ ಊರಿನವರು. ಈ ಧಾರಾವಾಹಿಗೆ ಅವರು ಬರೆದ ಮೊದಲ ಕಥೆ ಇದು. ತಮ್ಮೂರಿನ ಜನ ಹೇಗೆ ಮಾತಾಡುತ್ತಾರೋ ಹಾಗೇ ಬರೆದಿದ್ದಾರೆ. ಹೈಡರ್ ಸಿಂಪ್ಸನ್ ಅನ್ನುವ ಮುದುಕ, ಅವನ ಹೆಂಡತಿ ರೇಚಲ್, ನಾಯಿ ರಿಪ್. ನಾಯಿ ಮನೆಯೊಳಗೆ ಬರುವುದು ರೇಚಲ್‌ಗೆ ಇಷ್ಟವಿಲ್ಲ. ಆದರೆ ಅದು ಒಮ್ಮೆ ಹೈಡರ್‌ನ ಜೀವ ಉಳಿಸಿದೆ, ಹಾಗಾಗಿ ಅವನು ಬಿಟ್ಟುಕೊಡುವುದಿಲ್ಲ. ಅವಳಿಗೆ ಏನೋ ಅಪಶಕುನ ಕಂಡಿರುತ್ತದೆ, ಈ ರಾತ್ರಿ ಹೋಗಬೇಡಿ ಅನ್ನುತ್ತಾಳೆ. ಅವನು ಹೋಗುತ್ತಾನೆ. ಹೊಂಡದಿಂದ ಜೀವಂತ ಮೇಲೆ ಬರುವುದು ಬೇಟೆಯ ಪ್ರಾಣಿ ಮಾತ್ರ.

ಆಮೇಲೆ ಮುದುಕ, ನಾಯಿ ದಾರಿ ಹಿಡಿದು ಹೊರಡುತ್ತಾರೆ. ಹಿಂದೆಂದೂ ಕಾಣದ ಒಂದು ಬೇಲಿ ಎದುರಾಗುತ್ತದೆ. ಬೇಲಿಯ ಗುಂಟ ಹೋದರೆ ಒಂದು ಗೇಟು, ಗೇಟಿಗೊಬ್ಬ ಕಾವಲುಗಾರ. ಒಳಗೆ ಸ್ವರ್ಗ, ನೀವು ಬನ್ನಿ, ನಾಯಿಗೆ ಪ್ರವೇಶವಿಲ್ಲ ಅನ್ನುತ್ತಾನೆ. ಹೈಡರ್ ಸಿಟ್ಟಾಗಿ ಮುಂದೆ ನಡೆಯುತ್ತಾನೆ. ಇನ್ನಷ್ಟು ದೂರ ಹೋಗಿ ದಣಿವಾರಿಸಿಕೊಳ್ಳುವಾಗ ಒಬ್ಬ ಹುಡುಗ ಹುಡುಕಿಕೊಂಡು ಬರುತ್ತಾನೆ. ಅವನು ದೇವದೂತ. ಹಿಂದೆ ಬಿಟ್ಟು ಬಂದ ಗೇಟು ನರಕದ್ದು ಅಂತ ಹೇಳುತ್ತಾನೆ. ನಾಯಿ ಒಳಗೆ ಬಂದಿದ್ದರೆ ಗಂಧಕದ ವಾಸನೆ ಹಿಡಿದು ಯಜಮಾನನನ್ನು ಎಚ್ಚರಿಸುತ್ತಿತ್ತು. ಅದಕ್ಕೇ ನಾಯಿಯನ್ನು ತಡೆದಿದ್ದು. ಮನುಷ್ಯ ಕಣ್ಣು ಬಿಟ್ಟುಕೊಂಡೇ ನರಕಕ್ಕೆ ಕಾಲಿಡುತ್ತಾನೆ, ಆದರೆ ಸೈತಾನನಿಗೂ ನಾಯಿಯನ್ನು ಮೋಸ ಮಾಡಲು ಆಗುವುದಿಲ್ಲ ಅನ್ನುವುದು ಆ ಹುಡುಗನ ಮಾತು.

ಕೆಲಸ ಶುರು ಮಾಡಿದೆ. ಮೊದಲು ಮಾತುಗಳನ್ನೆಲ್ಲ ಕೇಳಿ ಇಂಗ್ಲಿಷಿನಲ್ಲಿ ಬರೆದುಕೊಂಡೆ, ಯಾವ ಮಾತು ಯಾವ ಸೆಕೆಂಡಿಗೆ ಅಂತ ಗುರುತು ಹಾಕಿದೆ. ಒಂದು ಸಲಕ್ಕೆ ಎರಡು ಸಾಲು, ಸಾಲಿಗೆ ನಾಲ್ಕೈದು ಪದ, ಅದಕ್ಕಿಂತ ಜಾಸ್ತಿ ಬೇಡ. ಅಪ್ಪ ನಿಧಾನವಾಗಿ ಓದುತ್ತಾರೆ. ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ. ಹಾಗಾಗಿ ಪ್ರತಿ ಸಾಲನ್ನೂ ನಾನೂ ಜೋರಾಗಿ, ಅವರ ವೇಗದಲ್ಲಿ ಓದಿ ನೋಡುತ್ತಿದ್ದೆ. ಸಮಯ ಸಾಲದಿದ್ದರೆ ಪದ ಕತ್ತರಿಸುತ್ತಿದ್ದೆ. ಈ ಕತ್ತರಿಯೇ ಕೊನೆಯಲ್ಲಿ ಒಂದು ಕಡೆ ತಪ್ಪು ಮಾಡಿತು, ಅದನ್ನು ಆಮೇಲೆ ಹೇಳುತ್ತೇನೆ. ಪೆನ್‌ಡ್ರೈವ್‌ನಲ್ಲಿ ಹಾಕಿ ಟಿವಿಗೆ ಚುಚ್ಚಿದರೆ ಕನ್ನಡದ ಬದಲು ಬರೀ ಡಬ್ಬಿ ಡಬ್ಬಿ ಬಂತು. ಬೇರೆ ಟಿವಿಯಲ್ಲಿ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬಿದ್ದವು. ಕೊನೆಗೆ ಅಕ್ಷರಗಳನ್ನು ವಿಡಿಯೊದ ಒಳಗೇ ಸೇರಿಸಿಬಿಟ್ಟೆ. ಕಪ್ಪು ಬಿಳುಪು ಚಿತ್ರವಾದ್ದರಿಂದ ಬಿಳಿ ಅಕ್ಷರ ಆಕಾಶದಲ್ಲಿ ಕಳೆದುಹೋಗುತ್ತಿತ್ತು. ಹಳದಿ ಅಕ್ಷರ, ಸುತ್ತ ಕಪ್ಪು ಅಂಚು. ಇದನ್ನು ಮಾಡಲು ಹೊರಡುವವರು ಮೊದಲೇ ಹೀಗೆ ಮಾಡಿ, ಸಮಯ ಉಳಿಯುತ್ತದೆ.

ನಿಜವಾದ ಕಷ್ಟ ಮಾತಿನದ್ದು.

ಶುರುವಿನಲ್ಲೇ ಹೆಸರು ತೊಡಕಾಯಿತು. ‘ಹೈಡರ್’ ಅಂತ ಬರೆದರೆ ನಮ್ಮವರ ಕಣ್ಣು ‘ಹೈದರ್’ ಅಂತಲೇ ಓದುತ್ತದೆ. ಗುಡ್ಡದ ಮುದುಕನ ಜಾಗದಲ್ಲಿ ಹೈದರ್ ಅಲಿ ಬಂದು ನಿಲ್ಲುತ್ತಾನೆ. ಆದಷ್ಟೂ ಆ ಹೆಸರು ಬಾರದ ಹಾಗೆ ಸಾಲು ಕಟ್ಟಿದೆ. ಆಮೇಲೆ ರಕೂನ್. ಉತ್ತರ ಅಮೆರಿಕದ ಪ್ರಾಣಿ, ನಮ್ಮ ಕಾಡಿನಲ್ಲಿಲ್ಲ. ಕಬ್ಬೆಕ್ಕು ಅಂತ ಬರೆಯಲು ಕೈ ತುಡಿಯಿತು, ಅಪ್ಪನಿಗೆ ತಕ್ಷಣ ಗೊತ್ತಾಗುತ್ತಿತ್ತು. ಆದರೆ ಹಾಗೆ ಬರೆದರೆ ವರ್ಜೀನಿಯಾದ ಗುಡ್ಡ ಆಗುಂಬೆ ಘಾಟಿ ಆಗಿಬಿಡುತ್ತದೆ. ಅದು ಅವರ ಗುಡ್ಡ, ಅವರ ಪ್ರಾಣಿ. ರಕೂನ್ ಅಂತಲೇ ಬಿಟ್ಟೆ. ‘ದಿ ಹಂಟ್’ಗೆ ಮಾತ್ರ ‘ಶಿಕಾರಿ’ ಎಂದೆ. ನಮ್ಮ ಕಡೆಯ ಹಳಬರ ಬಾಯಲ್ಲಿ ಇವತ್ತಿಗೂ ಅದೇ ಪದ.

ನನ್ನ ಮೊದಲ ಕರಡು ಕೆಟ್ಟದಾಗಿತ್ತು. ಪರಲೋಕದ ಕಥೆ ಅಂದ ಕೂಡಲೇ ಕೈ ತಾನಾಗಿ ಪೌರಾಣಿಕ ನಾಟಕದ ಕನ್ನಡ ಬರೆಯಲು ಹೊರಟಿತ್ತು. ಎಲ್ಲರೂ ಕಿರೀಟ ಇಟ್ಟುಕೊಂಡು ಮಾತಾಡುತ್ತಿದ್ದರು. ಹ್ಯಾಮ್ನರ್ ಬರೆದಿದ್ದು ಹಾಗಲ್ಲ. ಅವರ ಪರಲೋಕ ಒಂದು ಮಣ್ಣಿನ ದಾರಿ, ಒಂದು ಬೇಲಿ, ದಣಿದು ಕೂರುವ ಮುದುಕ. ಆ ಕರಡನ್ನು ಪೂರ್ತಿ ಅಳಿಸಿದೆ. ಅಜ್ಜ ಅಜ್ಜಿಯರ ಮಾತನ್ನು ನೆನಪು ಮಾಡಿಕೊಂಡು ಮತ್ತೆ ಬರೆದೆ. ರೇಚಲ್ ಗಂಡನನ್ನು “ರೀ” ಅನ್ನುತ್ತಾಳೆ. ಅವನು ಅವಳಿಗೆ “ಸುಮ್ನಿರೇ” ಅನ್ನುತ್ತಾನೆ. ಇಂಗ್ಲಿಷಿನ ‘ಯು’ ಯಾರಿಗಾದರೂ ಒಂದೇ. ನಮಗೆ ನೀನು, ನೀವು ಎರಡರಲ್ಲಿ ಆರಿಸಲೇಬೇಕು. ಆರಿಸಿದ ಕೂಡಲೇ ಇಬ್ಬರ ನಡುವೆ ಎಷ್ಟು ಅಂತರ ಅಂತ ಹೇಳಿದ ಹಾಗಾಗುತ್ತದೆ.

ಇದೇ ನನಗೆ ಗೇಟಿನ ದೃಶ್ಯದಲ್ಲಿ ದಾರಿ ತೋರಿಸಿತು. ಗಟ್ಟಿ ಗ್ರಂಥದ ಕನ್ನಡವನ್ನೆಲ್ಲ ತೆಗೆದು ಆ ಕಾವಲುಗಾರನ ಬಾಯಿಗೆ ಹಾಕಿದೆ. “ಸಿಂಪ್ಸನ್‌ರವರೇ, ಸ್ವಾಗತ. ಇದು ನಿತ್ಯಾನಂದದ ನೆಲೆ.” ದೇವದೂತನಿಗೆ ಸಾದಾ ಮಾತು. “ಅಜ್ಜ, ನಿಮ್ಮನ್ನೇ ಹುಡುಕ್ತಿದ್ದೆ.” ಹೈಡರ್ ಅವನಿಗೆ “ತಮ್ಮಾ” ಅನ್ನುತ್ತಾನೆ. ಒಳ್ಳೆಯ ಕಡೆಯಿಂದ ಬಂದವನು ಮನೆಯ ಹುಡುಗನ ಹಾಗೆ ಮಾತಾಡಬೇಕು ಅಂತ ನನಗೆ ಬಲವಾಗಿ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿದಿದ್ದು ಒಂದು ಚಿಕ್ಕ ಪದ. ಅವರು ಸತ್ತಿದ್ದಾರೆ ಅಂತ ಜನ ಮಾತಾಡುವಾಗ ಮುದುಕ ಮತ್ತು ನಾಯಿಯನ್ನು ಸೇರಿಸಿ ಏನೆನ್ನುವುದು? ಮನುಷ್ಯ ತೀರಿಕೊಳ್ಳುತ್ತಾನೆ, ನಾಯಿ ಸಾಯುತ್ತದೆ. ಮನುಷ್ಯರಾದರೆ ಇಬ್ಬರು, ಪ್ರಾಣಿಗಳಾದರೆ ಎರಡು. ಒಬ್ಬ ಮನುಷ್ಯ, ಒಂದು ನಾಯಿ ಸೇರಿದರೆ? ನಮ್ಮ ಭಾಷೆಯಲ್ಲಿ ಎಣಿಸುವಾಗಲೇ ಬೇಲಿ ಬಿದ್ದುಬಿಡುತ್ತದೆ. ಒಂದು ವಾರ ಆ ಸಾಲನ್ನು ಬರೆದೆ, ಅಳಿಸಿದೆ.

ಒಂದು ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲಿದ್ದೀರಿ ಅಂದರೆ “ನಾವಿಬ್ಬರೂ ತೋಟದಲ್ಲಿದ್ದೀವಿ” ಅಂದರು. ಜೊತೆಗೆ ಯಾರು ಅಂತ ಕೇಳಿದೆ. “ಮತ್ಯಾರು, ಕೆಂಚ” ಅಂದರು. ಕೆಂಚ ನಮ್ಮ ಮನೆಯ ನಾಯಿ. ಅಮ್ಮ ಹೋದ ಮೇಲೆ ಆ ಮನೆಯಲ್ಲಿರುವುದು ಅವರಿಬ್ಬರೇ.

ಫೋನ್ ಇಟ್ಟು ಕೂತು, ಇಡೀ ಕಂತನ್ನು ಆ ಪದದ ಮೇಲೆ ಮತ್ತೆ ಕಟ್ಟಿದೆ. ಹೈಡರ್ ನಾಯಿಯನ್ನು ಮೊದಲಿಂದ ಕೊನೆ ತನಕ ‘ಇವನು’ ಅನ್ನುತ್ತಾನೆ. ಗೇಟಿನವನು ‘ಅದು’ ಅನ್ನುತ್ತಾನೆ. “ಅದನ್ನು ಹೊರಗೆ ಬಿಟ್ಟು ಬನ್ನಿ.” ಹೈಡರ್‌ನ ಉತ್ತರ: “ಇವನಿಗೆ ಜಾಗ ಇಲ್ಲದ ಕಡೆ ನನಗೂ ಬೇಡ.” ದೇವದೂತ ಬಂದವನೇ “ಇಬ್ಬರೂ ಬನ್ನಿ” ಅನ್ನುತ್ತಾನೆ. ಮೂಲದಲ್ಲಿ ಈ ಭೇದ ಹೀಗಿಲ್ಲ. ಇದು ಕನ್ನಡ ಕೊಟ್ಟಿದ್ದು. ಅನುವಾದಕನ ಸ್ವಾತಂತ್ರ್ಯ ಜಾಸ್ತಿ ಆಯಿತು ಅಂತ ಯಾರಾದರೂ ಹೇಳಬಹುದು. ಕಥೆಯ ಜೀವ ಇದೇ ಅಂತ ನನ್ನ ನಂಬಿಕೆ.

ಇದನ್ನು ಓದುವಾಗ ನಿಮಗೂ ಧರ್ಮರಾಯನ ನೆನಪಾಗಿರುತ್ತದೆ, ಅಲ್ವಾ? ಅಪ್ಪನಿಗೂ ಆಯಿತು. ನಮ್ಮ ಕಡೆ ಗಮಕದಲ್ಲಿ ಭಾರತ ಕೇಳಿ ಬೆಳೆದವರು ಅವರು. ಆದರೆ ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸುತ್ತಾನೆ. ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ನಾಯಿಯ ಕಥೆ ಬರುವುದು ಆ ಮುಂದಿನ ಭಾಗದಲ್ಲಿ, ಮಹಾಪ್ರಸ್ಥಾನದಲ್ಲಿ. ದ್ರೌಪದಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದ ಮೇಲೂ ನಾಯಿಯೊಂದು ಹಿಂದೆ ಬರುತ್ತದೆ. ಇಂದ್ರ ರಥ ತಂದು ನಾಯಿಯನ್ನು ಬಿಟ್ಟು ಹತ್ತು ಅನ್ನುತ್ತಾನೆ. ಧರ್ಮರಾಯ ಒಪ್ಪುವುದಿಲ್ಲ. ನಾಯಿ ಧರ್ಮದೇವತೆಯಾಗಿ ನಿಲ್ಲುತ್ತದೆ.

ಎರಡು ಕಥೆಯ ಗೇಟೂ ಒಂದೇ ಥರ ಕಾಣುತ್ತದೆ. ಆದರೆ ಕೆಲಸ ಮಾಡುತ್ತಾ ಮಾಡುತ್ತಾ ಒಂದು ವ್ಯತ್ಯಾಸ ನನ್ನನ್ನು ಹಿಡಿದುಕೊಂಡಿತು. ನಮ್ಮಲ್ಲಿ ಗೇಟು ನಿಜವಾದ ಸ್ವರ್ಗದ್ದು, ನಾಯಿ ವೇಷದ್ದು. ಅಲ್ಲಿ ಗೇಟು ವೇಷದ್ದು, ನಾಯಿ ನಿಜವಾದದ್ದು. ರಿಪ್ ಕೊನೆಗೂ ಯಾವ ದೇವರೂ ಆಗುವುದಿಲ್ಲ. ಅವನು ರಕೂನ್ ಹಿಂದೆ ಓಡುವ, ಹೊಂಡಕ್ಕೆ ಹಾರುವ, ಮೂಗು ಚುರುಕಿರುವ ನಾಯಿಯಾಗಿಯೇ ಒಳಗೆ ಹೋಗುತ್ತಾನೆ. ನನಗೆ ಅದು ತುಂಬಾ ಹಿಡಿಸಿತು. ಅದಕ್ಕೇ ಸಬ್‌ಟೈಟಲ್‌ನಲ್ಲಿ ಎಲ್ಲೂ ಧರ್ಮ ಅನ್ನುವ ಪದ ಬಾರದಂತೆ ನೋಡಿಕೊಂಡೆ.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಜಗಲಿಯ ಬಾಗಿಲಲ್ಲಿ ಕೆಂಚ ಮಲಗಿದ್ದ. ಗೇಟಿನ ದೃಶ್ಯ ಬಂದಾಗ ಅಪ್ಪ “ಇವನ ಮಾತು ಯಾಕೋ ಜಾಸ್ತಿ ನುಣ್ಣಗಿದೆ” ಅಂದರು. ನನಗಾದ ಖುಷಿ ಹೇಳಲಾರೆ. ಕಂತು ಮುಗಿಯಿತು. ಅವರು ಸುಮ್ನೆ ಕೂತಿದ್ದರು. ಚೆನ್ನಾಗಿತ್ತಾ ಅಂದೆ.

“ಚೆನ್ನಾಗಿದೆ. ಆದ್ರೆ ಆ ಹೆಂಗಸು? ಅವಳೂ ಅದೇ ದಾರೀಲಿ ಬರಬೇಕಲ್ವಾ? ಅವಳ ಜೊತೆ ನಾಯಿ ಇರಲ್ಲ. ಆ ಗೇಟಿನ ಹತ್ರ ಅವಳಿಗೆ ಹೇಳೋರು ಯಾರು?”

ನನಗೆ ಎದೆ ಧಸಕ್ಕೆಂದಿತು. ಅದಕ್ಕೆ ಉತ್ತರ ಕಂತಿನಲ್ಲಿದೆ. ರೇಚಲ್ ಕೂಡ ಬೇಗ ಬರುತ್ತಾಳೆ, ಅವಳು ಆ ಗೇಟಿನಲ್ಲಿ ಮೋಸ ಹೋಗುವುದಿಲ್ಲ ಅಂತ ದೇವದೂತ ಭರವಸೆ ಕೊಡುತ್ತಾನೆ. ಓದಲು ಸಮಯ ಸಾಲದು ಅಂತ ಎರಡನೇ ಅರ್ಧವನ್ನು ನಾನು ಕತ್ತರಿಸಿದ್ದೆ. ‘ರೇಚಲ್ ಕೂಡ ಬೇಗ ಬರ್ತಾರೆ’ ಅಂತಷ್ಟೇ ಉಳಿಸಿದ್ದೆ. ಅಮ್ಮ ಹೋಗಿ ಆಗ ಎರಡು ವರ್ಷ. ಒಬ್ಬಳೇ ಹೋಗಿದ್ದಳು. ಅಪ್ಪ ಕೇಳಿದ್ದು ರೇಚಲ್ ಬಗ್ಗೆ ಮಾತ್ರ ಅಲ್ಲ ಅಂತ ನನಗೆ ಗೊತ್ತಾಯಿತು.

ಲ್ಯಾಪ್‌ಟಾಪ್ ಜೊತೆಗೇ ಇತ್ತು. ಮರುದಿನ ಬೆಳಿಗ್ಗೆ ಅಪ್ಪ ಕೊಟ್ಟಿಗೆಗೆ ಹೋದಾಗ ಕೂತೆ. ದೇವದೂತ ಅವತ್ತು ರಾತ್ರಿ ಕುಣಿತವಿದೆ, ರಕೂನ್ ಶಿಕಾರಿಯಿದೆ ಅನ್ನುವ ಸಾಲನ್ನು ಚಿಕ್ಕದು ಮಾಡಿದೆ. ಉಳಿದ ಜಾಗದಲ್ಲಿ ಕತ್ತರಿಸಿದ್ದನ್ನು ವಾಪಸ್ ತಂದೆ. “ಅವರು ಆ ಗೇಟಲ್ಲಿ ಮೋಸ ಹೋಗಲ್ಲ, ಅಜ್ಜ.” ಪೂರ್ತಿ ನಾಲ್ಕು ಸೆಕೆಂಡು ಕೊಟ್ಟೆ.

ಸಂಜೆ ಕೊನೆಯ ಐದು ನಿಮಿಷ ಮಾತ್ರ ಮತ್ತೆ ಹಾಕಿದೆ. ಆ ಸಾಲು ಬಂದಾಗ ಅಪ್ಪ ಅದನ್ನು ಬಾಯಿಬಿಟ್ಟು ಓದಿದರು. “ಹಾಂ, ಹಾಗಿದ್ರೆ ಸರಿ” ಅಂದರು. ಕನ್ನಡಕ ತೆಗೆದು ಕಿಟಕಿ ಮೇಲಿಟ್ಟು, ಕೆಂಚನಿಗೆ ಅನ್ನ ಹಾಕಲು ಎದ್ದು ಹೋದರು.