ವಿದೇಶದಿಂದ ಜೀಪಿನ ಪಾರ್ಟ್ಸ್ ತರಿಸುತ್ತೀರಾ? ಸುಂಕದ ಲೆಕ್ಕ ಮೊದಲೇ ಹಾಕಿ

ಕೊಡಗಿನ ತೋಟಗಳಲ್ಲಿ ಹಳೆ ಜೀಪುಗಳು ಇನ್ನೂ ಓಡುತ್ತಿವೆ. ಮಳೆಗಾಲದ ಕೆಸರಿಗೆ, ಗೊಬ್ಬರದ ಮೂಟೆ ಹೊರಲು, ಕಾಫಿ ಚೀಲ ಸಾಗಿಸಲು ಅವೇ ಆಗಬೇಕು. ಕಷ್ಟ ಬರುವುದು ಪಾರ್ಟ್ಸ್ ವಿಷಯದಲ್ಲಿ. ಗೋಣಿಕೊಪ್ಪಲಿನ ಗ್ಯಾರೇಜಿನಲ್ಲಿ ‘ಇದೀಗ ಬರ್ತಾ ಇಲ್ಲ’ ಅಂದರೆ ಮೈಸೂರಿಗೆ ಫೋನ್ ಮಾಡುತ್ತೇವೆ. ಅಲ್ಲೂ ಸಿಗದಿದ್ದರೆ ಮೊಬೈಲ್ ತೆಗೆದು ಅಮೆರಿಕದ್ದೋ ಜಪಾನಿನದ್ದೋ ವೆಬ್‌ಸೈಟ್ ಹುಡುಕುತ್ತೇವೆ.

ಪಾರ್ಟ್ಸ್ ಅಲ್ಲಿ ಸಿಗುತ್ತದೆ, ಬೆಲೆಯೂ ಪರವಾಗಿಲ್ಲ ಅನಿಸುತ್ತದೆ. ಆದರೆ ಅದು ಮನೆ ಬಾಗಿಲಿಗೆ ಬರುವ ಬೆಲೆ ಅಲ್ಲ. ಆಮದು ಸುಂಕ ಸೇರಿಸಿ ನೋಡದೆ ಆರ್ಡರ್ ಬಟನ್ ಒತ್ತಬೇಡಿ.

ತರಿಸಬಹುದಾ ಅಂತ ಮೊದಲು ನೋಡಿ

ಸ್ವಂತ ಗಾಡಿಗೆ ಹೊಸ ಪಾರ್ಟ್ಸ್ ತರಿಸುವುದಕ್ಕೆ ಆಮದು-ರಫ್ತು ಕೋಡ್, ಅಂದರೆ ಐಇಸಿ ಬೇಕಿಲ್ಲ. ಅಂಗಡಿಯಲ್ಲಿ ಮಾರುವುದಕ್ಕಾದರೆ ಬೇಕು. ಬಳಸಿದ ಪಾರ್ಟ್ಸ್ ಕಥೆ ಬೇರೆ. ಜಪಾನಿನ ಗುಜರಿ ಗಾಡಿಯಿಂದ ಬಿಚ್ಚಿದ ಸಾಮಾನು ಅಗ್ಗಕ್ಕೆ ಕಾಣುತ್ತದೆ, ನಿಜ. ಆದರೆ ಬಂಡವಾಳ ಸರಕಲ್ಲದ, ಅಂದರೆ ಉತ್ಪಾದನೆಗೆ ಬಳಸುವ ಯಂತ್ರದಂಥದ್ದಲ್ಲದ ಸೆಕೆಂಡ್ ಹ್ಯಾಂಡ್ ಸಾಮಾನಿನ ಆಮದು ನಮ್ಮಲ್ಲಿ ನಿರ್ಬಂಧಿತ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಇಲ್ಲದೆ ಬಂದರೆ ಕಸ್ಟಮ್ಸ್ ತಡೆಹಿಡಿಯಬಹುದು. ಟೈರಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯ. ಹಾಗಾಗಿ ಟೈರನ್ನು ಇಲ್ಲೇ ಕೊಳ್ಳಿ.

ಲೆಕ್ಕ ಹೀಗೆ

ಸುಂಕದಲ್ಲಿ ಮೂರು ಪದರ ಇದೆ. ಮೂಲ ಕಸ್ಟಮ್ಸ್ ಸುಂಕ ಮೊದಲನೆಯದು. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜ್ ಎರಡನೆಯದು. ಇವೆರಡನ್ನೂ ಸಾಮಾನಿನ ಮೌಲ್ಯಕ್ಕೆ ಕೂಡಿಸಿ, ಆ ಒಟ್ಟು ಮೊತ್ತದ ಮೇಲೆ ಹಾಕುವ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ, ಮೂರನೆಯದು.

ಬ್ರೇಕ್, ಕ್ಲಚ್, ರೇಡಿಯೇಟರ್, ಸ್ಟೀರಿಂಗ್ ಬಾಕ್ಸ್, ಶಾಕ್ ಅಬ್ಸಾರ್ಬರ್ ಇವೆಲ್ಲ ಸುಂಕ ಪಟ್ಟಿಯ 8708 ಸಂಖ್ಯೆಯಡಿ ಬರುತ್ತವೆ. ಮೂಲ ಸುಂಕ 15%. ಐಜಿಎಸ್‌ಟಿ ಮೊದಲು 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ಹಳೆ ಲೆಕ್ಕ ನೋಡಿ ಹೆದರಿದವರು ಇನ್ನೊಮ್ಮೆ ನೋಡಿ. ಕಾರ್ಬುರೇಟರ್, ಪಿಸ್ಟನ್‌ನಂಥ ಇಂಜಿನ್ ಭಾಗಗಳು 8409ರಲ್ಲಿ, ಲೈಟು 8512ರಲ್ಲಿ ಬರುತ್ತವೆ. ನಿಮ್ಮ ಸಾಮಾನಿನ ಇವತ್ತಿನ ದರವನ್ನು ಕಸ್ಟಮ್ಸ್‌ನ ಐಸ್‌ಗೇಟ್ ವೆಬ್‌ಸೈಟಿನ ಸುಂಕ ಕ್ಯಾಲ್ಕುಲೇಟರಿನಲ್ಲೇ ನೋಡಿಕೊಳ್ಳಿ.

ಮೌಲ್ಯ ಅಂದರೆ ಸಾಮಾನಿನ ಬೆಲೆ ಮಾತ್ರ ಅಲ್ಲ. ಸಾಗಣೆ, ವಿಮೆ ಎರಡೂ ಸೇರುತ್ತವೆ. ಒಂದು ಬ್ರೇಕ್ ಮಾಸ್ಟರ್ ಸಿಲಿಂಡರಿಗೆ 8,000 ರೂಪಾಯಿ, ವಿಮಾನದಲ್ಲಿ ಕಳಿಸಲು 2,000 ರೂಪಾಯಿ ಅಂತಿಟ್ಟುಕೊಳ್ಳಿ. ವಿಮಾನದಲ್ಲಿ ಬರುವ ಸಾಮಾನಿಗೆ ಸಾಗಣೆ ವೆಚ್ಚವನ್ನು ಬೆಲೆಯ 20%ಗಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಅಂದರೆ ನೀವು 2,000 ಕೊಟ್ಟರೂ ಲೆಕ್ಕಕ್ಕೆ ಬರುವುದು 1,600. ವಿಮೆ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಬೆಲೆಯ 1.125% ಹಿಡಿಯುತ್ತಾರೆ, ಅದು 90 ರೂಪಾಯಿ. ಒಟ್ಟು ಮೌಲ್ಯ 9,690.

ಇದಕ್ಕೆ 15% ಮೂಲ ಸುಂಕ 1,453.50. ಅದರ 10% ಸರ್ಚಾರ್ಜ್ 145.35. ಈಗ ಮೊತ್ತ 11,288.85. ಅದರ ಮೇಲೆ 18% ಐಜಿಎಸ್‌ಟಿ ಹತ್ತಿರ ಹತ್ತಿರ 2,032. ಕಟ್ಟಬೇಕಾದ್ದು ಸುಮಾರು 3,631 ರೂಪಾಯಿ. ನೀವು ಕೊಟ್ಟ 10,000ಕ್ಕೆ ಇದನ್ನು ಸೇರಿಸಿದರೆ 13,631. ಇದರ ಮೇಲೆ ಕೊರಿಯರಿನವರ ಸೇವಾ ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ ಬೇರೆ ಬೀಳುತ್ತದೆ. ಈ ಶುಲ್ಕ ಎಷ್ಟು ಅಂತ ಮೊದಲೇ ಕೇಳಿ. ಸಣ್ಣ ಸಾಮಾನಿಗೆ ಇದೇ ಭಾರವಾಗುವುದು. ಡಾಲರಿನ ದರವೂ ನಿಮ್ಮ ಬ್ಯಾಂಕ್ ಹಿಡಿದದ್ದಲ್ಲ, ಕಸ್ಟಮ್ಸ್ ಪ್ರಕಟಿಸಿದ್ದು.

ಇನ್ನೊಂದು ವಿಷಯ. ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ಬರುವ ಸಾಮಾನಿಗೆ 9804 ಅನ್ನುವ ಬೇರೆ ಸಂಖ್ಯೆ ಇದೆ, ಅದರ ದರವೂ ಬೇರೆ. ಸುಂಕದ ವಿವರ ಇರುವ ಬಿಲ್ ಆಫ್ ಎಂಟ್ರಿಯಲ್ಲಿ ಈ ಸಂಖ್ಯೆ ಇದ್ದರೆ ಮೇಲಿನ ಲೆಕ್ಕ ಹೊಂದುವುದಿಲ್ಲ.

ಇನ್‌ವಾಯ್ಸ್ ಸುಳ್ಳಾಗಬಾರದು

ಕೆಲವು ಮಾರಾಟಗಾರರು ‘ಗಿಫ್ಟ್ ಅಂತ ಬರೆಯಲಾ, ಬೆಲೆ ಕಮ್ಮಿ ಹಾಕಲಾ’ ಅಂತ ತಾವೇ ಕೇಳುತ್ತಾರೆ. ಬೇಡ ಅನ್ನಿ. ರಾಖಿ, ಜೀವರಕ್ಷಕ ಔಷಧಿ ಬಿಟ್ಟು ಬೇರೆ ಉಡುಗೊರೆಗೆ ಇದ್ದ ಸುಂಕ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಸುಳ್ಳು ಬೆಲೆ ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆ ಪ್ರಕಾರ ಸಾಮಾನು ಜಪ್ತಿ, ದಂಡ ಎರಡೂ ಆಗಬಹುದು. ಅಪರೂಪದ ಪಾರ್ಟ್ಸ್ ಕಳೆದುಕೊಳ್ಳುವುದು ಯಾರಿಗೆ ಬೇಕು, ಅಲ್ವಾ? ಇನ್‌ವಾಯ್ಸ್‌ನಲ್ಲಿ ಸಾಮಾನಿನ ಪೂರ್ತಿ ಹೆಸರು, ‘ಹೊಸದು’ ಎಂಬ ಮಾತು, ನಿಜವಾದ ಬೆಲೆ, ಸಾಗಣೆ ವೆಚ್ಚ ಎಲ್ಲ ಬೇರೆ ಬೇರೆ ಬರೆಸಿ. ಬರೀ ‘ಕಾರ್ ಪಾರ್ಟ್’ ಅಂತಿದ್ದರೆ ಪ್ರಶ್ನೆ ಬಂದೇ ಬರುತ್ತದೆ.

ಹೆಸರು, ವಿಳಾಸ, ಟವರ್

ನಮ್ಮ ಜಿಲ್ಲೆಯವರು ಹೆಚ್ಚು ಎಚ್ಚರ ವಹಿಸಬೇಕಾದ್ದು ಇಲ್ಲಿ. ಸಾಮಾನು ಬಿಡಿಸುವ ಮೊದಲು ಕೊರಿಯರಿನವರು ಕೆವೈಸಿ ಕೇಳುತ್ತಾರೆ. ಆಧಾರ್, ಪ್ಯಾನ್‌ನಂಥ ದಾಖಲೆ ಕೊಡಬೇಕು. ಆಧಾರಿನಲ್ಲಿ ಮನೆತನದ ಹೆಸರು ಪೂರ್ತಿ ಮೊದಲು ಬಂದಿರುತ್ತದೆ, ಪ್ಯಾನಿನಲ್ಲಿ ಬರೀ ಇನಿಶಿಯಲ್, ವೆಬ್‌ಸೈಟಿನಲ್ಲಿ ಎಲ್ಲರೂ ಕರೆಯುವ ಹೆಸರು. ಮೂರೂ ಒಂದಕ್ಕೊಂದು ತಾಳೆ ಆಗುವುದಿಲ್ಲ. ಆರ್ಡರ್ ಮಾಡುವಾಗಲೇ, ಕೊಡಲಿರುವ ದಾಖಲೆಯಲ್ಲಿರುವ ಹಾಗೆ ಹೆಸರು ಬರೆಯಿರಿ.

ತೋಟದ ಮನೆಗೆ ಡೋರ್ ನಂಬರ್ ಇರುವುದಿಲ್ಲ. ಗ್ರಾಮ, ಅಂಚೆ, ತಾಲ್ಲೂಕು, ಪಿನ್ ಕೋಡ್ ತಪ್ಪದೆ ಹಾಕಿ. ಒಳಗಿನ ಊರುಗಳಿಗೆ ಕೊರಿಯರ್ ಬರದಿದ್ದರೆ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಇರುವ ನೆಂಟರ ಅಂಗಡಿ ವಿಳಾಸ ಕೊಡಬಹುದು. ಆಗ ಆ ವಿಳಾಸಕ್ಕೂ ದಾಖಲೆ ಬೇಕಾ ಅಂತ ಕೊರಿಯರಿನವರನ್ನು ಕೇಳಿ. ಫೋನ್ ನಂಬರ್ ಮಾತ್ರ ಟವರ್ ಸಿಗುವವರದ್ದೇ ಇರಲಿ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅಂತಾದಾಗ ಒಟಿಪಿ ಬರುವುದಿಲ್ಲ. ಸಾಮಾನು ಗೋದಾಮಿನಲ್ಲಿ ಕೂತಷ್ಟು ದಿನ ಬಾಡಿಗೆ ಏರಬಹುದು. ಆಗುವುದಾದರೆ ಮೇ ತಿಂಗಳ ಒಳಗೇ ತರಿಸಿಬಿಡಿ.

ಕಟ್ಟುವುದು ಯಾರಿಗೆ?

ಕೊರಿಯರಿನಲ್ಲಿ ಬಂದರೆ ಸಾಮಾನ್ಯವಾಗಿ ಅವರೇ ಕಸ್ಟಮ್ಸಿಗೆ ಕಟ್ಟಿ ನಿಮ್ಮಿಂದ ವಸೂಲಿ ಮಾಡುತ್ತಾರೆ. ಅಂಚೆಯಲ್ಲಿ ಬಂದರೆ ಪೋಸ್ಟ್‌ಮ್ಯಾನ್ ಸಾಮಾನು ಕೊಡುವಾಗ ಸುಂಕದ ಹಣ ತೆಗೆದುಕೊಳ್ಳುತ್ತಾರೆ. ಕೆಲವು ವೆಬ್‌ಸೈಟುಗಳು ಆರ್ಡರ್ ಹೊತ್ತಿಗೇ ಸುಂಕ ಹಿಡಿಯುತ್ತವೆ. ಆ ರಸೀದಿ ಜೋಪಾನ, ಇಲ್ಲದಿದ್ದರೆ ಇನ್ನೊಮ್ಮೆ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

‘ನಿಮ್ಮ ಪಾರ್ಸೆಲ್ ಕಸ್ಟಮ್ಸಿನಲ್ಲಿದೆ, ಈ ಲಿಂಕ್ ಒತ್ತಿ ಹಣ ಹಾಕಿ’ ಅಂತ ಮೆಸೇಜ್ ಬಂದರೆ ಲಿಂಕ್ ಒತ್ತಬೇಡಿ. ಕೊರಿಯರ್ ಕಂಪನಿಯ ವೆಬ್‌ಸೈಟಿಗೆ ನೀವೇ ಹೋಗಿ ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿ. ಯಾರದ್ದೋ ಸ್ವಂತ ಖಾತೆಗೆ ಕಸ್ಟಮ್ಸ್ ಸುಂಕ ಹೋಗುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬಿಲ್ ಆಫ್ ಎಂಟ್ರಿ ಕೇಳಿ ಪಡೆಯಿರಿ

ಸುಂಕದ ಪೂರ್ತಿ ವಿವರ ಇರುವ ಕಾಗದ ಇದೇ. ಅದರಲ್ಲಿ ಸಂಖ್ಯೆ 8708 ಇದೆಯಾ, ಸಾಗಣೆ ವೆಚ್ಚ ಎಷ್ಟು ಹಿಡಿದಿದ್ದಾರೆ, ಐಜಿಎಸ್‌ಟಿ 18% ಇದೆಯಾ ಅಂತ ನೀವು ಮೊದಲು ಹಾಕಿದ ಲೆಕ್ಕದ ಜೊತೆ ಇಟ್ಟು ನೋಡಿ. ತಪ್ಪಿದ್ದರೆ ಕೊರಿಯರಿನವರಿಗೆ ಇಮೇಲ್‌ನಲ್ಲಿ ತಿಳಿಸಿ. ಜಾಸ್ತಿ ಕಟ್ಟಿದ ಸುಂಕವನ್ನು ವಾಪಸ್ ಕೇಳಲು ಕಟ್ಟಿದ ದಿನದಿಂದ ಒಂದು ವರ್ಷ ಅವಕಾಶ ಇದೆ.

ಅಳತೆ ಹೊಂದದ ಪಾರ್ಟ್ಸ್ ವಾಪಸ್ ಕಳಿಸಿ ಸುಂಕ ಮರಳಿ ಪಡೆಯಲು ಕಾನೂನಿನಲ್ಲಿ ದಾರಿ ಇದ್ದರೂ, ಒಂದು ಮಾಸ್ಟರ್ ಸಿಲಿಂಡರಿಗೆ ಅಷ್ಟು ಓಡಾಟ ಗಿಟ್ಟುವುದಿಲ್ಲ. ಅದಕ್ಕೇ ಹಳೆಯದನ್ನು ಬಿಚ್ಚಿಸಿ, ಒರೆಸಿ, ಅದರ ಮೇಲೆ ಅಚ್ಚಾಗಿರುವ ನಂಬರನ್ನು ಮೆಕ್ಯಾನಿಕ್ ಎದುರಿನಲ್ಲೇ ಓದಿ, ಫೋಟೋ ತೆಗೆದು ಮಾರಾಟಗಾರರಿಗೆ ಕಳಿಸಿ. ಅವರು ಹೌದು ಅಂತ ಬರೆದು ತಿಳಿಸಿದ ಮೇಲೆ ಹಣ ಹಾಕಿ.