ಅಪಾರ್ಟ್‌ಮೆಂಟಲ್ಲಿ ಸುಗ್ಗಿ ಹಬ್ಬ ಮಾಡೋದು ಹೇಗೆ, ಅದೂ ಎಲ್ಲಾ ಊರಿನವ್ರನ್ನ ಸೇರಿಸ್ಕೊಂಡು

ಜನವರಿ ಬಂತು ಅಂದ್ರೆ ಬೆಂಗ್ಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಗಲಾಟೆ. ಒಬ್ರು ಪೊಂಗಲ್ ಅಂತಾರೆ, ಪಂಜಾಬಿನವ್ರು ಲೋಹ್ರಿ ಅಂತಾರೆ, ಮೂರನೇ ಫ್ಲೋರಿನ ಅಸ್ಸಾಮಿ ಹುಡ್ಗ ಮೆಲ್ಲಗೆ ಬಿಹು ಅಂತ ಟೈಪ್ ಮಾಡ್ತಾನೆ, ನಮ್ಮವ್ರು ಎಳ್ಳು ಬೆಲ್ಲದ ಫೋಟೋ ಫಾರ್ವರ್ಡ್ ಮಾಡಿ ಸುಮ್ನಾಗ್ತಾರೆ. ಕೊನೆಗೆ ಕಮಿಟಿಯವ್ರು ಯಾವ್ದೋ ಈವೆಂಟ್‌ನವ್ರಿಗೆ ಕಾಂಟ್ರಾಕ್ಟ್ ಕೊಟ್ಟು, ಥರ್ಮೋಕೋಲ್ ಎತ್ತಿನ ಮುಂದೆ ಸೆಲ್ಫಿ, ಬಫೆ ಊಟ, ಡಿಜೆ, ಅಲ್ಲಿಗೆ ಸುಗ್ಗಿ ಮುಗೀತು. ಇದಕ್ಕಿಂತ ಕಮ್ಮಿ ದುಡ್ಡಲ್ಲಿ ಚೆನ್ನಾಗಿ ಮಾಡ್ಬೋದು, ಹೇಗೆ ಅಂತ ಹೇಳ್ತೀನಿ.

ಮೊದ್ಲು ಒಂದು ವಿಷ್ಯ ತಲೇಲಿಟ್ಕೊಳಿ. ಸುಮಾರು ಊರುಗಳ ಸುಗ್ಗಿ ಹಬ್ಬದಲ್ಲಿ ಒಳಗಡೆ ಇರೋದು ಒಂದೇ ನಿಯಮ, ಬೆಳೆದಿದ್ದರ ಮೊದ್ಲ ಪಾಲು ಬೆಳೆದವ್ರ ಬಾಯಿಗೆ ಹೋಗಂಗಿಲ್ಲ. ಕಲಬುರಗಿ, ಬೀದರ್ ಕಡೆ ಎಳ್ಳಮಾಸಿ, ಅಂದ್ರೆ ಎಳ್ಳು ಅಮಾವಾಸ್ಯೆ ದಿನ ಮನೆಯವ್ರೆಲ್ಲ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಪಲ್ಯ, ಅಂಬಲಿ ಎಲ್ಲ ಕಟ್ಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವ್ರು ಅಂತ ಪೂಜೆ ಮಾಡಿ, ನಿಂತಿರೋ ಜೋಳದ ಸುತ್ತ ಚರಗ ಚೆಲ್ತಾರೆ, ಅಂದ್ರೆ ತಂದಿರೋ ಅಡುಗೇಲಿ ಒಂದು ಪಾಲನ್ನ ಹೊಲಕ್ಕೇ ಎರಚ್ತಾರೆ. ನಮ್ ಬಿಲ್ಡಿಂಗಿನ ಸೆಕ್ಯೂರಿಟಿ ಅಣ್ಣ ಆಳಂದದ ಕಡೆಯವ್ರು, ಅವ್ರನ್ನ ಕೇಳಿದ್ರೆ ಒಂದೇ ಮಾತಲ್ಲಿ ಮುಗಿಸ್ತಾರೆ, "ಹೊಲ ಉಂಡ ಮ್ಯಾಲ ನಾವ್ ಉಣ್ಣೋದ್ರಿ ಸರ." ಈಗ ಘಾನಾ ದೇಶದ ಅಕ್ರಾ ಸುತ್ತಮುತ್ತ ಇರೋ ಗಾ ಜನಗಳ ಹೊಮೊವೊ ಹಬ್ಬ ನೋಡಿ. ಹಬ್ಬಕ್ಕೆ ಮುಂಚೆ ಕೆಲವು ವಾರ ಡೋಲು, ಗದ್ದಲ ಎಲ್ಲಾ ಬಂದ್, ಆಮೇಲೆ ಮೆಕ್ಕೆಜೋಳದ ಹಿಟ್ಟಲ್ಲಿ ಕ್ಪೊಕ್ಪೊಯ್ ಅನ್ನೋ ಅಡುಗೆ ಮಾಡಿ ಊರಿನ ಹಿರೀಕ ಅದನ್ನ ನೆಲಕ್ಕೆ ಚೆಲ್ಕೊಂಡು ಹೋಗ್ತಾನೆ, ಪೂರ್ವಜರಿಗೆ ಮೊದ್ಲು ಅಂತ. ಆಳಂದ ಎಲ್ಲಿ ಅಕ್ರಾ ಎಲ್ಲಿ, ಚರಗ ಮಾತ್ರ ಎರಡೂ ಕಡೆ. ಜಪಾನಲ್ಲಿ ನವೆಂಬರ್ 23ಕ್ಕೆ ಚಕ್ರವರ್ತಿ ಹೊಸ ಅಕ್ಕೀನ ದೇವ್ರಿಗೆ ಇಟ್ಟು ಆಮೇಲೆ ತಾನು ಬಾಯಿಗಿಡೋದು. ಪಶ್ಚಿಮ ಒಡಿಶಾದ ನುವಾಖಾಯಿ ಗಣೇಶ ಹಬ್ಬದ ಮಾರನೇ ದಿನ ಬರತ್ತೆ, ಅಲ್ಲೂ ಹೊಸ ಅಕ್ಕಿ ದೇವಿಗೆ ಹೋಗಿ, ಆಮೇಲೆ ಮನೆ ಹಿರಿಯರ ಕೈಯಿಂದ ಎಲ್ರಿಗೂ. ನಮ್ ಕಡಲೆಕಾಯಿ ಪರಿಷೆ ಏನು ಮತ್ತೆ? ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ದೊಡ್ಡ ಬಸವಣ್ಣಂಗೆ ಮೊದ್ಲ ಕಡ್ಲೇಕಾಯಿ. ನಾವು ಅಲ್ಲಿ ಹೋಗಿ ಬತ್ತಾಸು, ಬಲೂನು ತಗೊಂಡು ಬರ್ತೀವಿ, ಅದೂ ಒಂದು ಥ್ಯಾಂಕ್ಸ್‌ಗಿವಿಂಗ್ ಅಂತ ನೆನಪೇ ಇರಲ್ಲ.

ಸೋ, ನಿಮ್ ಪ್ರೋಗ್ರಾಂ ಪ್ಲಾನ್ ಮಾಡುವಾಗ ಸ್ಟೇಜು, ಮೈಕು, ಟೀಶರ್ಟ್ ಕಲರ್ ಎಲ್ಲಾ ಆಮೇಲೆ. ಮೊದ್ಲ ತಟ್ಟೆ ಯಾರಿಗೆ, ಇದನ್ನ ಫಸ್ಟ್ ಡಿಸೈಡ್ ಮಾಡಿ. ನನ್ ಪ್ರಕಾರ ಉತ್ರ ಸಿಂಪಲ್, ಇಲ್ಲಿ ಹಬ್ಬ ಮಾಡೋರು ನಾವು, ಹಾಗಾಗಿ ಮೊದ್ಲ ಪಾಲು ನಮ್ ಬಾಯಿಗೆ ಹೋಗಂಗಿಲ್ಲ. ಅಪಾರ್ಟ್‌ಮೆಂಟಲ್ಲಿ ನಿಜವಾಗ್ಲೂ ಗದ್ದೆ ಹೊಲದಲ್ಲಿ ಕೈ ಆಡಿಸಿರೋರು ಗೇಟಲ್ಲಿ ಕೂತಿರ್ತಾರೆ, ಇಲ್ಲಾ ಕಸ ಗುಡಿಸ್ತಿರ್ತಾರೆ, ಪಕ್ಕದ ಸೈಟಲ್ಲಿ ಗಾರೆ ಕಲಿಸ್ತಿರ್ತಾರೆ, ಯಾದಗಿರಿ, ರಾಯಚೂರು, ಒಡಿಶಾ, ಅಸ್ಸಾಂ ಕಡೆಯವ್ರು. ಎಲ್ಲಾ ಹಬ್ಬದಲ್ಲೂ ಇವ್ರಿಗೆ ಕೊನೇಲಿ ಉಳಿದಿದ್ದನ್ನ ಡಬ್ಬಿಗೆ ಹಾಕಿ ಕಳಿಸೋದು ರೂಢಿ. ಸುಗ್ಗಿ ಹಬ್ಬದ ದಿನನಾದ್ರೂ ಉಲ್ಟಾ ಮಾಡಿ, ಅವ್ರನ್ನ ಕೂರ್ಸಿ ಮೊದ್ಲ ಪಂಕ್ತಿ, ಕಮಿಟಿಯವ್ರು ಬಡಿಸ್ಲಿ. ಇದಕ್ಕೆ ಗ್ರೂಪಲ್ಲಿ ಪೋಲ್ ಹಾಕ್ಬೇಡಿ, ಸುಮ್ನೆ ಮಾಡ್ಬಿಡಿ. ಫೋಟೋನೂ ಬೇಡ.

ಈಗ ದಿನಗಳ ಲೆಕ್ಕ. ಇದೊಂದು ನಮ್ ಅದೃಷ್ಟ, ಸಂಕ್ರಾಂತಿ 14ನೇ ತಾರೀಕು ಅಂತ ಇಟ್ಕೊಂಡ್ರೆ 13ನೇ ತಾರೀಕು ಬೆಳಗಿನ ಜಾವ ತಮಿಳರ, ತೆಲುಗರ ಭೋಗಿ ಬೆಂಕಿ, ಅವತ್ತೇ ರಾತ್ರಿ ಲೋಹ್ರಿ, ಅವತ್ತೇ ರಾತ್ರಿ ಅಸ್ಸಾಮಿನವ್ರ ಉರುಕಾ, ಅಂದ್ರೆ ಬಿಹು ಹಿಂದಿನ ರಾತ್ರಿ ಊಟ, ಮಾರನೇ ದಿನ ಮುಂಜಾನೆ ಅವ್ರ ಮೇಜಿ, ಅಂದ್ರೆ ಸೌದೆ ಹುಲ್ಲಿನ ಗೋಪುರ ಸುಡೋದು, ಅವತ್ತು ಸಾಯಂಕಾಲ ನಮ್ ಮಂಡ್ಯ ಮೈಸೂರು ಕಡೆ ದನಗಳಿಗೆ ಕಿಚ್ಚು ಹಾಯ್ಸೋದು. ಅಂದ್ರೆ ಎರಡು ದಿನದಲ್ಲಿ ಎಲ್ರಿಗೂ ಬೆಂಕಿ ಬೇಕು. ಜಾಗ ಒಂದೇ ಸಾಕು. ಸಂಕ್ರಾಂತಿ 15ಕ್ಕೆ ಬಂದ ವರ್ಷ ಮಾತ್ರ ಯಾರ್‍ಯಾರು ಯಾವತ್ತು ಮಾಡ್ತಾರೆ ಅಂತ ಅವ್ರವ್ರನ್ನೇ ಕೇಳ್ಕೊಳಿ, ನೀವೇ ಡೇಟ್ ಅನೌನ್ಸ್ ಮಾಡಿ ಬೈಸ್ಕೋಬೇಡಿ.

ಬೆಂಕಿ ವಿಷ್ಯ ಸ್ವಲ್ಪ ಸೀರಿಯಸ್ಸಾಗಿ ತಗೊಳಿ. ಟೈಲ್ಸ್ ಮೇಲೆ, ಬೇಸ್‌ಮೆಂಟ್ ಸ್ಲ್ಯಾಬ್ ಮೇಲೆ ನೇರವಾಗಿ ಹಚ್ಚಿದ್ರೆ ಕಲ್ಲು ಸಿಡಿಯತ್ತೆ. ಗಾರೆ ಕೆಲ್ಸದವ್ರ ಹತ್ರ ಕಬ್ಬಿಣದ ಬಾಂಡ್ಲಿ ಸಿಗತ್ತಲ್ಲ, ದೊಡ್ಡದು ಒಂದು ತಗೊಂಡು, ಕೆಳಗೆ ನಾಲ್ಕು ಇಟ್ಟಿಗೆ, ಒಳಗೆ ಎರಡು ಇಂಚು ಮರಳು, ಅದರ ಮೇಲೆ ಒಣ ಸೌದೆ. ಮರದ ಕೆಳಗೆ ಬೇಡ, ಗ್ಯಾಸ್ ಪೈಪ್‌ಲೈನ್ ಹತ್ರ ಬೇಡ, ಪಾರ್ಕಿಂಗ್ ಒಳಗಂತೂ ಬೇಡ್ವೇ ಬೇಡ. ಪಕ್ಕದಲ್ಲಿ ಎರಡು ಬಕೆಟ್ ನೀರು. ಭೋಗಿಗೆ ಹಳೇದೆಲ್ಲ ಸುಡ್ಬೇಕು ಅಂತ ಹರಿದ ಸೋಫಾ, ಪ್ಲಾಸ್ಟಿಕ್ ಚೇರು, ಟೈರು ತಂದು ಹಾಕೋ ಮಹಾನುಭಾವ್ರು ಇರ್ತಾರೆ, ಅವ್ರನ್ನ ಗೇಟಲ್ಲೇ ನಿಲ್ಸಿ. ಹಳೇ ಚಾಪೆ, ಮುರಿದ ಪೊರಕೆ, ಒಣಗಿದ ತೋರಣ, ಅಷ್ಟು ಸಾಕು. ಲೋಹ್ರಿಗೆ ಕಡ್ಲೇಕಾಯಿ, ಎಳ್ಳಿನ ಮಿಠಾಯಿ ರೇವಡಿ, ಗಜಕ್, ಪಾಪ್‌ಕಾರ್ನ್ ಬೆಂಕಿಗೆ ಹಾಕಿ ಸುತ್ತು ಬಂದು ಆಮೇಲೆ ಹಂಚ್ತಾರೆ, ಇಲ್ಲೂ ನೋಡಿ ಮೊದ್ಲ ಹಿಡಿ ಬೆಂಕಿಗೆ. ಪಂಜಾಬಿನ ಜನಪದ ನಾಯಕ ದುಲ್ಲಾ ಭಟ್ಟಿ ಹೆಸ್ರು ಬರೋ ಹಾಡು ಹೇಳ್ತಾರೆ, ಮಕ್ಳಿಗೆ ಚಪ್ಪಾಳೆ ತಟ್ಟಿ ಕೂಗೋಕೆ ಚೆನ್ನಾಗಿರತ್ತೆ, ನಮ್ ಮಕ್ಳೂ ಎರಡು ನಿಮಿಷದಲ್ಲಿ ಕಲ್ತುಬಿಡ್ತವೆ. ಒಂದು ಮಾತ್ರ, ಲೋಹ್ರಿನ ಗೋಧಿ ಸುಗ್ಗಿ ಅಂತ ಪೋಸ್ಟರಲ್ಲಿ ಬರೀಬೇಡಿ, ಆ ಟೈಮಲ್ಲಿ ಪಂಜಾಬಲ್ಲಿ ಗೋಧಿ ಇನ್ನೂ ಹಸಿರಾಗಿ ನಿಂತಿರತ್ತೆ, ಗೋಧಿ ಕೊಯ್ಲಿನ ಹಬ್ಬ ಏಪ್ರಿಲ್‌ನ ಬೈಸಾಖಿ.

ಕಿಚ್ಚು ಹಾಯ್ಸೋಕೆ ದನ ಬೇಕು ಅಂತ ಎಲ್ಲಿಂದಾನೋ ಒಂದು ಹಸುನ ಲಾರೀಲಿ ತರ್ಸಿ, ಸ್ಪೀಕರ್ ಸೌಂಡಿಗೆ ಅದು ಬೆದರಿ ಓಡೋದು, ಇದೆಲ್ಲ ಬೇಡ ಕಣ್ರೀ. ಮಕ್ಳಿಗೆ ಕಿಚ್ಚು ತೋರಿಸ್ಬೇಕು ಅಂದ್ರೆ ಅವತ್ತು ಸಾಯಂಕಾಲ ಊರಾಚೆ ಹಳ್ಳಿ ಕಡೆ ಕರ್ಕೊಂಡು ಹೋಗಿ, ಮೈ ತೊಳೆದು ಕೊಂಬಿಗೆ ಬಣ್ಣ ಬಳಿದು ಟೇಪು, ಬಲೂನು ಕಟ್ಟಿರೋ ಎತ್ತುಗಳು ಒಣ ಹುಲ್ಲಿನ ಬೆಂಕಿ ದಾಟೋದನ್ನ ದೂರ ನಿಂತು ನೋಡ್ಲಿ. ಊರೊಳಗೇ ಇರೋರು ಬೇಕಾದ್ರೆ ಗವಿಪುರಕ್ಕೆ ಹೋಗ್ಬೋದು, ಗವಿಗಂಗಾಧರೇಶ್ವರನ ಗುಡೀಲಿ ಅವತ್ತು ಸಂಜೆ ಸೂರ್ಯನ ಬೆಳಕು ನಂದಿ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳತ್ತೆ, ಮೋಡ ಇದ್ರೆ ಇಲ್ಲ. ಅದಕ್ಕೇ ನಿಮ್ ಪ್ರೋಗ್ರಾಂನ 14ರ ಸಂಜೆ ಇಡ್ಬೇಡಿ, ಹಿರಿಯರೆಲ್ಲ ಒಂದೋ ಅಲ್ಲಿರ್ತಾರೆ ಇಲ್ಲಾ ಟಿವಿ ಮುಂದೆ ಇರ್ತಾರೆ. ಬೆಳಗ್ಗೆ ಇಡಿ.

ಎಳ್ಳು ಬೆಲ್ಲಕ್ಕೆ ಬರೋಣ, ಇಲ್ಲಿ ನಾನು ಸ್ವಲ್ಪ ಜಾಸ್ತಿ ಕೊರೀತೀನಿ. ಗಾಂಧಿ ಬಜಾರಲ್ಲೋ ಮಲ್ಲೇಶ್ವರದಲ್ಲೋ ಮಿಕ್ಸ್ ಮಾಡಿಟ್ಟಿದ್ದು ಕೆಜಿ ಲೆಕ್ಕದಲ್ಲಿ ಸಿಗತ್ತೆ, ಆದ್ರೆ ಅದ್ರಲ್ಲಿ ಹುರಿಗಡಲೆನೇ ಜಾಸ್ತಿ ಇರತ್ತೆ, ಕೊಬ್ಬರಿ ಹುಡುಕ್ಬೇಕು. ಒಂದು ವಾರ ಮುಂಚೆ ನಾಲ್ಕೈದು ಮನೆಯವ್ರು ಸೇರಿ ಕೂತ್ಕೊಂಡು ಮಾಡಿ. ಲೆಕ್ಕ ಸುಮಾರಾಗಿ ಹೀಗೆ, ಎರಡು ಪಾವು ಕೊಬ್ಬರಿ ಚೂರು, ಒಂದೂವರೆ ಪಾವು ಬೆಲ್ಲದ ಚೂರು, ಒಂದೊಂದು ಪಾವು ಕಡ್ಲೆಬೀಜ, ಹುರಿಗಡಲೆ, ಅರ್ಧ ಪಾವು ಬಿಳಿ ಎಳ್ಳು. ಒಣಕೊಬ್ಬರಿ ಗಿಟುಕಿನ ಮೇಲಿನ ಕಂದು ಸಿಪ್ಪೇನ ತುರಿಮಣೇಲಿ ಪೂರ್ತಿ ಹೆರೆದು ತೆಗೀಬೇಕು, ಬೆಳ್ಳಗೆ ಆಗೋವರ್ಗೂ, ಆಮೇಲೆ ಉದ್ದಕ್ಕೆ ಸೀಳಿ ಹುರಿಗಡಲೆ ಸೈಜಿಗೆ ಹೆಚ್ಚೋದು. ಬೆಲ್ಲಕ್ಕೆ ಅಚ್ಚು ಬೆಲ್ಲಾನೇ ತಗೊಳಿ, ಮೆತ್ತಗಿರೋ ಉಂಡೆ ಬೆಲ್ಲ ಬೇಡ, ಅಡಿಕೆ ಕತ್ತರೀಲಿ ಕತ್ತರಿಸಿದ್ರೆ ಚೂರು ನೀಟಾಗಿ ಬರತ್ತೆ, ಪುಡಿ ಉದುರಲ್ಲ. ಕಡ್ಲೆಬೀಜ ಹುರಿದು ಸಿಪ್ಪೆ ಉಜ್ಜಿ ಕೇರಿ ಎರಡು ಹೋಳು ಮಾಡ್ಕೊಳಿ. ಎಳ್ಳನ್ನ ಸಣ್ಣ ಉರೀಲಿ ಚಟಪಟ ಅನ್ನೋವರ್ಗೂ ಅಷ್ಟೇ, ಕೆಂಪಾದ್ರೆ ಕಹಿ. ಕೊಬ್ಬರಿ, ಬೆಲ್ಲ ಬೇರೆ ಬೇರೆ ತಟ್ಟೇಲಿ ಎರಡು ಮೂರು ದಿನ ಬಿಸಿಲಿಗಿಡಿ, ಮೇಲೆ ತೆಳ್ಳನೆ ಬಟ್ಟೆ ಮುಚ್ಚಿ, ಇಲ್ಲಾಂದ್ರೆ ನಮ್ ಟೆರೇಸಿನ ಪಾರಿವಾಳಗಳು ಹಬ್ಬ ಮಾಡ್ತವೆ. ಒಣಗದೇ ಮಿಕ್ಸ್ ಮಾಡಿದ್ರೆ ಬೆಲ್ಲ ಬೆವರಿ ಎಲ್ಲಾ ಮುದ್ದೆ ಆಗತ್ತೆ. ಮಿಕ್ಸ್ ಮಾಡೋದು ಹಬ್ಬದ ಹಿಂದಿನ ರಾತ್ರಿ.

ಸಕ್ಕರೆ ಅಚ್ಚು ಮನೇಲಿ ಮಾಡೋಕೆ ಮರದ ಅಚ್ಚು, ಪಾಕದ ಹದ ಗೊತ್ತಿರೋ ಅಜ್ಜಿ ಎರಡೂ ಬೇಕು, ಇಲ್ಲಾಂದ್ರೆ ಕೊಂಡ್ಕೊಳಿ, ನಾಚಿಕೆ ಏನಿಲ್ಲ. ತಟ್ಟೇಲಿ ಒಂದು ತುಂಡು ಕಬ್ಬು, ಬಾಳೆಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮ, ಎಲಚಿ ಹಣ್ಣು. ಎಳ್ಳು ಬೀರೋದು ಹೆಣ್ಮಕ್ಳ ಕೆಲ್ಸ ಅಂತ ರೂಢಿ, ಫ್ಲ್ಯಾಟಲ್ಲಿ ಗಂಡು ಮಕ್ಳನ್ನೂ ಕಳ್ಸಿ, ಲಿಫ್ಟಲ್ಲಿ ಓಡಾಡೋಕೆ ಅವ್ರೇ ಮುಂದಿರ್ತಾರೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅನ್ನೋದನ್ನ ಮರಾಠಿಯವ್ರ ಮನೆ ಬಾಗ್ಲಲ್ಲಿ ಹೇಳಿದ್ರೆ ಅವ್ರೂ ತಿಳ್‌ಗುಳ್ ಕೊಟ್ಟು ಅದನ್ನೇ ಹೇಳ್ತಾರೆ. ಚಿಕ್ಕ ಮಕ್ಳಿದ್ರೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ರೆ ಕಾಸು ಸೇರ್ಸಿ ತಲೆ ಮೇಲೆ ಎರೆಯೋದನ್ನ ನಾವೂ ಮಾಡ್ತೀವಿ, ತೆಲುಗಿನವ್ರು ಭೋಗಿ ಪಳ್ಳು ಅಂತ ಮಾಡ್ತಾರೆ, ಒಟ್ಟಿಗೆ ಕೂರ್ಸಿಬಿಡಿ. ತುಂಬಾ ಪುಟ್ಟ ಮಕ್ಳು ಹಣ್ಣು, ಕಾಸು ಬಾಯಿಗೆ ಹಾಕ್ಕೊಳ್ದಂಗೆ ಒಬ್ರು ಪಕ್ಕದಲ್ಲಿರ್ಲಿ.

ಪೊಂಗಲ್ ಮಡಕೆ ಉಕ್ಕೋದು ನೋಡೋಕೇ ಚೆಂದ, ಅದನ್ನ ಕಿಚನ್‌ನಲ್ಲಿ ಮಾಡಿದ್ರೆ ಗ್ಯಾಸ್ ಆರಿಹೋಗತ್ತೆ, ಇಂಡಕ್ಷನ್ ಮೇಲೆ ಮಣ್ಣಿನ ಮಡಕೆ ಕಾಯೋದೇ ಇಲ್ಲ. ಹೊರಗಡೆ ಮೂರು ಇಟ್ಟಿಗೆ ಒಲೆ ಹಾಕಿ. ಹೊಸ ಮಡಕೆನ ಹಿಂದಿನ ರಾತ್ರಿ ನೀರಲ್ಲಿ ಮುಳುಗಿಸಿಡಿ, ಇಲ್ಲಾಂದ್ರೆ ಬಿರುಕು ಬಿಡೋ ಚಾನ್ಸ್ ಜಾಸ್ತಿ. ಕತ್ತಿಗೆ ಹಸಿ ಅರಿಶಿನದ ಗಿಡ ಕಟ್ಟಿ, ಹಾಲು ನೀರು ಕತ್ತಿನವರ್ಗೂ ತುಂಬಿ, ಉಕ್ಕಿದಾಗ ಎಲ್ರೂ ಪೊಂಗಲೋ ಪೊಂಗಲ್ ಅಂತ ಕೂಗೋದು. ಆಮೇಲೆ ಒಂದು ಪಾವು ಹೊಸ ಅಕ್ಕಿಗೆ ಅರ್ಧ ಪಾವು ಹೆಸರುಬೇಳೆ. ಬೆಲ್ಲ ಎರಡು ಪಾವಿನವರ್ಗೂ ಹಾಕ್ಬೋದು, ಆದ್ರೆ ಅಕ್ಕಿ ಪೂರ್ತಿ ಬೆಂದ ಮೇಲೇನೇ, ಮುಂಚೆ ಹಾಕಿದ್ರೆ ಅಕ್ಕಿ ಬಿರುಸಾಗಿ ಹಾಗೇ ನಿಂತುಬಿಡತ್ತೆ. ಬೆಲ್ಲ ಕರಗಿಸಿ ಸೋಸಿ ಹಾಕಿ, ಮರಳು ಇರತ್ತೆ. ಅರವತ್ತು ಜನಕ್ಕೆ ಈ ಮಡಕೇಲಿ ಆಗಲ್ಲ, ಮಡಕೆ ದೇವ್ರಿಗೆ ಮತ್ತೆ ಮೊದ್ಲ ಪಂಕ್ತಿಗೆ, ಉಳಿದೋರಿಗೆ ದೊಡ್ಡ ಪಾತ್ರೇಲಿ ಪಕ್ಕದಲ್ಲೇ ಮಾಡಿ. ಜೊತೆಗೆ ಸೊಗಡಿನ ಅವರೆಕಾಯಿ, ಗೆಣಸು, ಕಡ್ಲೇಕಾಯಿ ಉಪ್ಪು ಹಾಕಿ ಬೇಯಿಸಿಟ್ರೆ ಕೇಟರಿಂಗ್ ಸ್ಟಾರ್ಟರ್ ಯಾರೂ ಮುಟ್ಟಲ್ಲ. ಬಂಗಾಳಿಗಳಿಗೆ ಪಾಟಿಶಪ್ಟಾ ಅನ್ನೋ ಸಿಹಿ ಸುರುಳಿ ದೋಸೆ, ಅಸ್ಸಾಮಿಗಳಿಗೆ ಎಳ್ಳು ತುಂಬಿದ ಅಕ್ಕಿಹಿಟ್ಟಿನ ಪಿಠಾ ಮಾಡ್ಕೊಂಡು ಬನ್ನಿ ಅಂತ ಹೇಳಿ, ಅವ್ರಿಗೆ ಒಂದು ಟೇಬಲ್ ಕೊಡಿ.

ಜನವರೀಲಿ ಇಲ್ಲದ ಹಬ್ಬಗಳನ್ನ ಅವತ್ತೇ ತುರುಕ್ಬೇಡಿ, ಪ್ಲೀಸ್. ಮಂಗ್ಳೂರು ಕಥೋಲಿಕರ ಮೊಂತಿ ಫೆಸ್ತ್ ಸೆಪ್ಟೆಂಬರ್ 8ಕ್ಕೆ, ಚರ್ಚಲ್ಲಿ ಆಶೀರ್ವಾದ ಆದ ಹೊಸ ತೆನೆ ಮನೆಗೆ ತಂದು, ಅದರ ಕಾಳು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ರೂ ಸೇರಿ ತಿಂತಾರೆ, ಅವತ್ತು ಸಸ್ಯಾಹಾರ. ಮಲೆನಾಡಿನ ಭೂಮಿ ಹುಣ್ಣಿಮೆ ಅಕ್ಟೋಬರ್ ಹೊತ್ತಿಗೆ, ಬಸುರಿ ಗದ್ದೆಗೆ ಸೀಮಂತ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟೀಲಿ ಅಡುಗೆ ಹೊತ್ಕೊಂಡು ಹೋಗ್ತಾರೆ. ಕೊಡಗಿನ ಪುತ್ತರಿ ನವೆಂಬರ್ ಡಿಸೆಂಬರಲ್ಲಿ, ಪೊಲಿ ಪೊಲಿ ದೇವಾ ಅಂತ ಕೂಗ್ತಾ ಕದಿರು, ಅಂದ್ರೆ ಭತ್ತದ ತೆನೆ ಕೊಯ್ದು ತರೋದು. ಇವನ್ನೆಲ್ಲ ಒಂದೇ ದಿನಕ್ಕೆ ಫ್ಯಾನ್ಸಿ ಡ್ರೆಸ್ ಮಾಡೋದಕ್ಕಿಂತ ಆಯಾ ದಿನ ಆ ಮನೆಯವ್ರ ಬಾಗಿಲಿಗೆ ಹೋಗಿ ಕೂತು ಉಂಡ್ಬನ್ನಿ. ಆಫೀಸಲ್ಲಿ ಥ್ಯಾಂಕ್ಸ್‌ಗಿವಿಂಗ್ ಮಾಡೋಣ ಅಂದ್ರೆ ಅದು ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ, ಕ್ಲೈಂಟ್ ಕಾಲ್ ಇರಲ್ಲ, ಟೈಮ್ ಸಿಗತ್ತೆ, ಮಾಡಿ. ಆದ್ರೆ ಇಂಗ್ಲೆಂಡಿಂದ ವಲಸೆ ಬಂದವ್ರು 1621ರಲ್ಲಿ ಪ್ಲಿಮತ್ ಊರಲ್ಲಿ ಮಾಡಿದ ಸುಗ್ಗಿ ಊಟದ ಕಥೆ ಹೇಳೋದಾದ್ರೆ ಆ ನೆಲದ ವಾಂಪನೋಗ್ ಜನಗಳ ಹೆಸ್ರೂ ಹೇಳಿ, 1970ರಿಂದ ಅದೇ ದಿನ ಅದೇ ಊರಲ್ಲಿ ಮೂಲನಿವಾಸಿಗಳು ಶೋಕದ ದಿನ ಆಚರಿಸ್ತಾರೆ. ಮಕ್ಳಿಗೆ ದಸರಾ ರಜೆ ಹೊತ್ತಿಗೆ ಟೆರೇಸಲ್ಲಿ ತೆಂಗಿನ ಗರಿ ಚಪ್ಪರ ಹಾಕ್ಸಿ, ಯಹೂದಿಗಳ ಸುಕ್ಕೋತ್ ಹೆಚ್ಚುಕಮ್ಮಿ ಅದೇ ಸಮಯಕ್ಕೆ ಬರತ್ತೆ, ಏಳು ದಿನ ಅಂಥ ಚಪ್ಪರದಲ್ಲೇ ಊಟ, ಸೂರು ಎಷ್ಟು ತೆಳ್ಳಗಿರ್ಬೇಕು ಅಂದ್ರೆ ರಾತ್ರಿ ನಕ್ಷತ್ರ ಕಾಣ್ಬೇಕು. ನಮ್ ಬೆಂಗ್ಳೂರಲ್ಲಿ ನಕ್ಷತ್ರ ಕಾಣೋದು ಬೇರೆ ಮಾತು.

ಮುಗಿದ ಮೇಲೆ ಕಸ. ಕಬ್ಬಿನ ಜಲ್ಲೆ, ಜಗಿದ ಸಿಪ್ಪೆ ಹಸಿ ಕಸಕ್ಕೇ ಹೋಗತ್ತೆ, ಆದ್ರೆ ನಿಮ್ ಕಾಂಪೋಸ್ಟ್ ಡಬ್ಬಕ್ಕೆ ಹಾಕೋದಾದ್ರೆ ಮಚ್ಚಲ್ಲಿ ಸಣ್ಣಗೆ ಕೊಚ್ಚಿ ಹಾಕಿ, ಉದ್ದುದ್ದ ಹಾಕಿದ್ರೆ ಯುಗಾದಿಗೂ ಹಾಗೇ ಇರತ್ತೆ. ಬೂದಿ ಪೂರ್ತಿ ತಣ್ಣಗಾದ ಮೇಲೆ, ಅಂದ್ರೆ ಮಾರನೇ ದಿನ, ಗಿಡಗಳಿಗೆ ಸ್ವಲ್ಪ ಸ್ವಲ್ಪ. ಬಾಂಡ್ಲಿ ತೊಳೆದು ಯಾರ ಹತ್ರ ಇಸ್ಕೊಂಡ್ರೋ ಅವ್ರಿಗೆ ವಾಪಸ್ ಕೊಡಿ, ಒಂದು ಪೊಟ್ಟಣ ಎಳ್ಳು ಬೆಲ್ಲದ ಜೊತೆ. ಸಕ್ಕರೆ ಅಚ್ಚು ರಾಶಿ ಉಳಿಯತ್ತೆ, ಉಳಿದೇ ಉಳಿಯತ್ತೆ, ಡಬ್ಬೀಲಿ ಹಾಕಿಟ್ಟು ಫೆಬ್ರವರಿ ಪೂರ್ತಿ ಕಾಫಿಗೆ ಹಾಕ್ಕೊಳಿ.